ಬುತ್ತಿಗೆ ಹರಿದ ಪುಸ್ತಕ

ಈಗಲೂ ಯಾರಾದರೂ ನನ್ನ ಕಪಾಟಿನ ಮುಂದೆ ನಿಂತು, "ಇಷ್ಟೊಂದು ಅಡುಗೆ ಪುಸ್ತಕವೇ? ಹಾಗಾದರೆ ನಿಮಗೆ ಅಡುಗೆ ಬರುವುದಿಲ್ಲ ಅನ್ನಿ" ಎಂದು ನಕ್ಕರೆ ನನಗೆ ಮೈಯೆಲ್ಲ ಉರಿಯುತ್ತದೆ. ಪ್ರವಾಸದ ಪುಸ್ತಕ ಓದುವವರನ್ನು ಯಾರೂ ನಿಮಗೆ ದಾರಿ ಗೊತ್ತಿಲ್ಲವೇ ಎಂದು ಕೇಳುವುದಿಲ್ಲ. ಅಡುಗೆ ಪುಸ್ತಕ ಹಿಡಿದ ಹೆಂಗಸನ್ನು ಮಾತ್ರ ಕೇಳುತ್ತಾರೆ. ಕೇಳಿದವರಿಗೆ ಅದು ತಮಾಷೆ. ನನಗೆ ಅದು ನನ್ನ ಅವ್ವನಿಗೆ ಬಿದ್ದ ಏಟು.

ಅವ್ವನಿಗೆ ಓದು ಬರೆಹ ಇರಲಿಲ್ಲ. ಐಗಳಿಯಲ್ಲಿ ನಮ್ಮದು ಎರಡು ಎಮ್ಮೆ, ಸ್ವಲ್ಪ ಹೊಲದ ಮನೆ. ಬೆಣ್ಣೆ ಮಾರಲು ಅವಳು ಅಥಣಿಗೆ ಹೋಗುವಾಗ ನಾನೂ ಬಸ್ಸು ಹತ್ತುತ್ತಿದ್ದೆ. ಹೈಸ್ಕೂಲಿಗೆ ಸೇರಿದ ವರ್ಷ ಬಳೆ ಕೊಡಿಸುತ್ತೇನೆಂದು ಬಸ್‌ಸ್ಟ್ಯಾಂಡಿನ ಹತ್ತಿರ ಕರೆದುಕೊಂಡು ಹೋದಳು. ಪಕ್ಕದ ಅಂಗಡಿಯಲ್ಲಿ ದಾರಕ್ಕೆ ತೂಗುಹಾಕಿದ ಪುಸ್ತಕವೊಂದರ ಮೇಲೆ ತಾಟಿನ ತುಂಬ ಊಟದ ಚಿತ್ರವಿತ್ತು. ಬಳೆ ಬೇಡ, ಅದು ಬೇಕು ಎಂದೆ.

"ತಿನ್ನೂದನ್ನೂ ಪುಸ್ತಕದಾಗ ಬರೀತಾರೇನ?" ಎಂದು ಅವ್ವ ಅಂಗಡಿಯವನನ್ನೇ ಕೇಳಿದಳು. ಅವನು ಹೌದೆಂದ. ಅವ್ವ ಪುಸ್ತಕವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಮೂಸಿ, ಕೊಡಿಸಿದಳು.

ಅಂದಿನಿಂದ ಸಂಜೆ ಅವ್ವ ರೊಟ್ಟಿ ಬಡಿಯುವುದು, ನಾನು ಒಲೆಯ ಬೆಳಕಿಗೆ ಕುಳಿತು ಗಟ್ಟಿಯಾಗಿ ಓದುವುದು. ಅದು ನಮ್ಮ ಸೀಮೆಯ ಪುಸ್ತಕವಲ್ಲ. ಬರೆದಾಕೆ ಎಲ್ಲಿಯೋ ದಕ್ಷಿಣದವಳು. ತೆಂಗಿನಕಾಯಿ ಇಲ್ಲದೆ ಒಂದು ಪುಟ ಮುಂದೆ ಹೋಗುತ್ತಿರಲಿಲ್ಲ. ಅವ್ವ ರೊಟ್ಟಿ ತಿರುವುತ್ತ ಆಕೆಯೊಂದಿಗೆ ಜಗಳಕ್ಕೆ ಬೀಳುತ್ತಿದ್ದಳು. "ಒಂದು ಚಮಚ ಜೀರಿಗೆ" ಎಂದು ನಾನು ಓದಿದರೆ, "ಯಾವ ಚಮಚಾ? ಆಕಿ ಮನಿ ಚಮಚಾ ನಾ ಎಲ್ಲಿ ನೋಡೇನಿ?" ಎನ್ನುವಳು. ಕೊನೆಯಲ್ಲಿ ಅರ್ಧ ಪುಟದಲ್ಲಿ ಜೋಳದ ರೊಟ್ಟಿ ಇತ್ತು. ಹಿಟ್ಟಿಗೆ ಎರಡು ಚಮಚ ಮೈದಾ ಸೇರಿಸಿ ಲಟ್ಟಣಿಗೆಯಿಂದ ಲಟ್ಟಿಸಿ ಎಂದು ಬರೆದಿದ್ದರು. ಅವ್ವ ಬಡಿಯುತ್ತಿದ್ದ ಕೈ ನಿಲ್ಲಿಸಿದಳು. "ಹುಡುಗಿ, ಅದರ ಬಾಜೂಕ ಬರಿ. ನಮ್ಮವ್ವ ಇದನ್ನ ಒಪ್ಪೂದಿಲ್ಲ ಅಂತ ಬರಿ."

ಬರೆದೆ. ಆಮೇಲೆ ಅದೇ ರೂಢಿಯಾಯಿತು. ಪ್ರತಿ ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ "ಅವ್ವ ಅಂದಳು" ಎಂದು ಹಾಕಿ ಅವಳ ಮಾತನ್ನು ಅವಳು ಆಡಿದ ಹಾಗೆಯೇ ಬರೆಯುತ್ತಿದ್ದೆ. ಅವಳು ಹೇಳಿದ್ದೆಲ್ಲ ಸರಿ ಇರುತ್ತಿರಲಿಲ್ಲ. ಮೈಸೂರು ಪಾಕಕ್ಕೆ ಅಷ್ಟು ತುಪ್ಪ ದಂಡ ಎಂದು ಅರ್ಧ ಹಾಕಿ ಮಾಡಿದಳು. ಅದನ್ನು ಒಡೆಯಲು ಒಳಕಲ್ಲಿನ ಗುಂಡು ಬೇಕಾಯಿತು. ಅದನ್ನೂ ಬರೆದೆ. ಪುಟಗಳ ಮೇಲೆ ಅವಳ ಅರಿಶಿನದ ಬೆರಳು, ಎಣ್ಣೆಯ ಕಲೆ.

ರಾಯಬಾಗದ ಹತ್ತಿರ ಕಬ್ಬು ಬೆಳೆಯುವವರ ಮನೆಗೆ ನನ್ನನ್ನು ಕೊಟ್ಟಾಗ ಆ ಪುಸ್ತಕ ಸೀರೆಗಳ ನಡುವೆ ನನ್ನೊಂದಿಗೆ ಬಂತು. ಅದಕ್ಕೆ ಜೊತೆಯವೂ ಸೇರತೊಡಗಿದವು. ನನ್ನ ಗಂಡ ನಿಪ್ಪಾಣಿಗೆ ಹೋದಾಗ ಕಾಡಿಸಿ ತರಿಸಿಕೊಂಡ ಮರಾಠಿ ಪುಸ್ತಕಗಳು, ಚಿಕ್ಕೋಡಿಯ ರದ್ದಿ ಅಂಗಡಿಯಲ್ಲಿ ಸಿಕ್ಕ ಹೊದಿಕೆ ಇಲ್ಲದವು, ವಾರಪತ್ರಿಕೆಯ ನಡುವೆ ಬರುತ್ತಿದ್ದ ಸಣ್ಣ ಪುಸ್ತಿಕೆಗಳು. ಮಧ್ಯಾಹ್ನ ಎಲ್ಲರೂ ಅಡ್ಡಾದಾಗ ಓದುತ್ತಿದ್ದೆ. ಮಾಡಲಿಕ್ಕಲ್ಲ, ಓದಲಿಕ್ಕೆ. ಓವನ್ ಕಾಣದ ನಾನು ಕೇಕು ಉಬ್ಬುವುದನ್ನು ಓದಿ ಉಸಿರು ಬಿಗಿಹಿಡಿಯುತ್ತಿದ್ದೆ. ಕಡಲು ಕಾಣದ ನಾನು ಸಿಗಡಿ ಸುಲಿಯುವುದನ್ನು ಓದಿದೆ, ಅದೂ ಮೊಟ್ಟೆ ಸಹ ಒಳಗೆ ಬಾರದ ಮನೆಯಲ್ಲಿ ಕುಳಿತು. ಇದರಿಂದ ಯಾರ ಗಂಟು ಹೋಗುತ್ತಿತ್ತು?

ನಮ್ಮ ಅತ್ತೆಯವರ ಗಂಟು ಹೋಗುತ್ತಿತ್ತು. ಅನ್ನ ಮುದ್ದೆಯಾದರೆ ಪುಸ್ತಕ, ಹಾಲು ಉಕ್ಕಿದರೆ ಪುಸ್ತಕ. ಬಂದವರ ಮುಂದೆ ನನ್ನನ್ನು ತೋರಿಸಿ, "ಪುಸ್ತಕ ನೋಡಿ ಅಡಗಿ ಮಾಡಾಕಿ" ಎನ್ನುವರು. ನಮ್ಮ ಕಡೆ ಇದು ಸಣ್ಣ ಮಾತಲ್ಲ. ಸೊಸೆಯ ಕೈರುಚಿ ಎಂದರೆ ಅವಳ ತವರಿನ ಮಾನ. ಪುಸ್ತಕ ನೋಡುತ್ತಾಳೆ ಎಂದರೆ ಅವಳವ್ವ ಏನೂ ಕಲಿಸಿಲ್ಲ ಎಂದೇ ಅರ್ಥ. ಅದು ಗೊತ್ತಿದ್ದೇ ಅತ್ತೆ ಹೇಳುತ್ತಿದ್ದರು, ಗೊತ್ತಿದ್ದೇ ನಾನು ಹಲ್ಲು ಕಚ್ಚಿಕೊಂಡು ಸುಮ್ಮನಿರುತ್ತಿದ್ದೆ.

ನಾದಿನಿಯ ನಿಶ್ಚಯದ ದಿನ ಕಾಗವಾಡದಿಂದ ಬೀಗರು ಬಂದಿದ್ದರು. ಐಗಳಿಯಿಂದ ಅವ್ವನೂ ಬಂದಿದ್ದಳು. ಹೋಳಿಗೆ, ಬೇಳೆ ಬಸಿದ ಕಟ್ಟಿನ ಸಾರು. ನಮ್ಮಲ್ಲಿ ದೊಡ್ಡ ಅಡುಗೆಗೆ ಉಪ್ಪು ಹಾಕುವ ಹಕ್ಕು ಮನೆಯ ಹಿರಿಯಳದು. ಸೊಸೆಯಂದಿರು ಎಲ್ಲ ಮಾಡಬಹುದು, ಉಪ್ಪು ಮುಟ್ಟುವ ಹಾಗಿಲ್ಲ. ದೇವರಿಗೆ ಎಡೆ ತೋರಿಸುವವರೆಗೆ ಯಾರೂ ರುಚಿ ನೋಡುವ ಹಾಗೂ ಇಲ್ಲ. ಅತ್ತೆ ಬಂದು ಮುಷ್ಟಿಯಿಂದ ಸಾರಿಗೆ ಉಪ್ಪು ಹಾಕಿ ಹೋದರು. ಸ್ವಲ್ಪ ಹೊತ್ತಿಗೆ ಅವರ ಅಕ್ಕ ಬಂದರು. ಅವರು ಅತ್ತೆಗಿಂತ ಹಿರಿಯರು, ಹಕ್ಕು ಅವರದೂ ಹೌದು. ತಂಗಿಯನ್ನು ಕೇಳುವುದು ಅವರ ಘನತೆಗೆ ಕಡಿಮೆ. ಉಪ್ಪಿನ ಡಬ್ಬಿಗೆ ಕೈ ಹಾಕಿದರು.

"ಅತ್ತಿ ಹಾಕ್ಯಾರ್ರಿ," ಎಂದೆ.

"ಯಾಕ, ಹಿರೇರ ಉಪ್ಪ ಹಾಕಬಾರದಂತ ನಿನ್ನ ಪುಸ್ತಕದಾಗ ಬರದಾರೇನ?"

ಹಾಕಿಯೇಬಿಟ್ಟರು. ಉಪ್ಪಿನ ಬಗ್ಗೆ ಪುಟದಂಚಿಗೆ ಬರೆದಿದ್ದ ಅವ್ವನ ಮಾತೊಂದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ.

ಊಟಕ್ಕೆ ಕುಳಿತ ಬೀಗರು ಸಾರು ಬಾಯಿಗಿಟ್ಟು ಒಬ್ಬರ ಮುಖ ಒಬ್ಬರು ನೋಡಿದರು. ಬೀಗತಿ ನೀರಿನ ತಂಬಿಗೆ ಎಳೆದುಕೊಂಡರು. ಅತ್ತೆಯವರಿಗೆ ತಿಳಿಯಿತು, ಅವರಕ್ಕನಿಗೂ ತಿಳಿಯಿತು. ಇಬ್ಬರೂ ಪರಸ್ಪರ ನೋಡಲಿಲ್ಲ. ಅತ್ತೆ ನಕ್ಕು ಪಡಸಾಲೆಗೆಲ್ಲ ಕೇಳುವ ಹಾಗೆ ಹೇಳಿದರು: "ಏನ ಮಾಡೂದ್ರಿ, ನಮ್ಮ ಸೊಸಿ ಪುಸ್ತಕ ನೋಡಿ ಅಡಗಿ ಮಾಡಾಕಿ. ಅವರವ್ವ ಕಲಿಸಿ ಕಳಿಸಿದ್ದರ ಪುಸ್ತಕ ಯಾಕ ಬೇಕಾಗ್ತಿತ್ತು?"

ಅವ್ವ ಅದೇ ಸಾಲಿನಲ್ಲಿ ಊಟಕ್ಕೆ ಕುಳಿತಿದ್ದಳು. ತಲೆ ಎತ್ತಲಿಲ್ಲ. ಆ ಉಪ್ಪು ಸಾರನ್ನು ಒಂದು ಹನಿ ಬಿಡದೆ ಉಂಡಳು.

ಅಷ್ಟಕ್ಕೇ ಮುಗಿಯಲಿಲ್ಲ. ಹೊರಡುವ ಬೀಗರಿಗೆ ಬುತ್ತಿ ಕಟ್ಟಬೇಕು. ರೊಟ್ಟಿ, ಶೇಂಗಾ ಚಟ್ನಿ, ಹೋಳಿಗೆ. ಹೋಳಿಗೆಯ ನಡುವೆ ಹಾಕಲು ಹಾಳೆ ಬೇಕು. ಮಾವನ ಮಂಚದ ಕೆಳಗೆ ಮರಾಠಿ ಪೇಪರಿನ ರಾಶಿ ಬಿದ್ದಿತ್ತು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಅತ್ತೆ ಅದನ್ನು ದಾಟಿ ನನ್ನ ಕೋಣೆಗೆ ಹೋದರು. ನಾನು ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದೆ. ಒಳಗೆ ಬಂದಾಗ ಬುತ್ತಿಗಳು ಬಸ್ಸು ಹತ್ತಿಯಾಗಿತ್ತು, ನೆಲದ ಮೇಲೆ ನನ್ನ ಮೊದಲ ಪುಸ್ತಕ ಬೆನ್ನು ಮುರಿದು ಬಿದ್ದಿತ್ತು. ನಡುವಿನ ಹಾಳೆಗಳೇ ಇರಲಿಲ್ಲ.

ಗಂಡನಿಗೆ ಹೇಳಿದೆ. "ಹೋಗ್ಲಿ ಬಿಡ, ಪುಸ್ತಕ ಅಲ್ಲೇನ. ನಿಪ್ಪಾಣಿಗೆ ಹೋದಾಗ ಇನ್ನೊಂದ ತರ್ತೀನಿ," ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಆ ಹೊತ್ತಿಗೆ ಅತ್ತೆಯವರಿಗಿಂತ ಅವರ ಮೇಲೆಯೇ ಹೆಚ್ಚು ಸಿಟ್ಟು ಬಂತು. ಅವ್ವ ಆಡಿದ ಮಾತು ನಿಪ್ಪಾಣಿಯ ಯಾವ ಅಂಗಡಿಯಲ್ಲಿ ಸಿಗುತ್ತದೆ?

ನಾಗರ ಪಂಚಮಿಗೆ ತವರಿನ ಬುತ್ತಿ ಹೊತ್ತು ನನ್ನ ತಮ್ಮ ಬಂದ. ಶೇಂಗಾ ಉಂಡೆ, ಎಳ್ಳುಂಡೆ, ಅಳ್ಳಿಟ್ಟು. ಎಲ್ಲದರ ಮೇಲೆ ನಾಲ್ಕು ಮಡಿಕೆಯ ಒಂದು ಹಾಳೆ. ಬಿಡಿಸಿದೆ. ಎಣ್ಣೆ ಕುಡಿದು ಆಚೆ ಈಚೆ ಕಾಣುವಂತಾಗಿತ್ತು, ಅಂಚಿನಲ್ಲಿ ನನ್ನ ಪೆನ್ಸಿಲ್ ಅಕ್ಷರ. ಅಂದು ಅವ್ವನಿಗೆ ಕಟ್ಟಿದ ಬುತ್ತಿಯಲ್ಲೂ ಅವಳದೇ ಪುಸ್ತಕ ಹರಿದು ಹಾಕಿದ್ದರು. ಓದು ಬಾರದ ಅವ್ವ ತನ್ನ ಅರಿಶಿನದ ಬೆರಳಿನ ಗುರುತು ಹಿಡಿದಿದ್ದಳು.

"ಅವ್ವ ಹೇಳ್ಯಾಳ," ತಮ್ಮ ನೆಲ ನೋಡುತ್ತ ಅಂದ, "ಇನ್ನ ಪುಸ್ತಕ ತುಗೊಬ್ಯಾಡಂತ. ಮಂದಿ ಮಾತಾಡತಾರಂತ."

ಅತ್ತೆ ಪುಸ್ತಕ ಹರಿದದ್ದನ್ನು ನುಂಗಿದ್ದೆ. ಆದರೆ ಪುಸ್ತಕದೊಂದಿಗೆ ಜಗಳವಾಡಿ ನಗುತ್ತಿದ್ದ ನನ್ನ ಅವ್ವನ ಬಾಯಿಂದಲೇ ಈ ಮಾತು ಹೊರಡಿಸಿದರಲ್ಲ, ಅದನ್ನು ನುಂಗಲಾಗಲಿಲ್ಲ. ಮುಂದಿನ ವಾರವೇ ಚಿಕ್ಕೋಡಿಗೆ ಹೋಗುವ ನೆವ ಹುಡುಕಿ ರದ್ದಿ ಅಂಗಡಿಯಿಂದ ಕಂಕುಳ ತುಂಬ ಪುಸ್ತಕ ತಂದೆ. ಅತ್ತೆಯ ಕಣ್ಣೆದುರೇ ಪಡಸಾಲೆಯಲ್ಲಿ ಹರವಿಕೊಂಡು ಧೂಳು ಒರೆಸಿದೆ. ಅವರು ಗೊಣಗಿದರು. ನಾನು ಇನ್ನೂ ಜೋರಾಗಿ ಒರೆಸಿದೆ.

ನಾದಿನಿಯ ಮದುವೆಯಾಯಿತು. ಮೊದಲ ದೀಪಾವಳಿಗೆ ಅವಳನ್ನು ಕರೆದುಕೊಂಡು ಕಾಗವಾಡದ ಬೀಗತಿಯೇ ಬಂದರು. ಚಹಾ ಮುಗಿಯಿತು. ಬೀಗತಿ ಚೀಲದಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಎರಡು ಹಾಳೆ ತೆಗೆದರು.

"ಅಕ್ಕಾರ, ನಿಶ್ಚೇದ ದಿನ ಹೋಳಿಗಿ ಜೋಡಿ ಇವು ಬಂದಿದ್ದವ ನೋಡ್ರಿ. ಬಾಜೂಕ ಬರದದ್ದ ಓದಿ ನಾವೆಲ್ಲಾ ಹೊಟ್ಟಿ ಹಿಡಕೊಂಡ ನಕ್ಕೇವಿ. ಪುಸ್ತಕದಾಕಿಗೆ ಏನ ಬೈತಾಳ್ರೀ ಈ ಅವ್ವ! ಆಕಿ ಹೇಳಿದಂಗ ಬದನಿಕಾಯಿ ಮಾಡಿದ್ವಿ, ಬಾಳ ಚೊಲೋ ಆತ. ಉಳದ ಹಾಳಿ ಎಲ್ಲಿ ಅದಾವ್ರಿ?"

ಅತ್ತೆಯವರ ಮುಖ ಅರಳಿತು. "ನಮ್ಮ ಮನಿ ಪುಸ್ತಕರಿ ಅವು! ನಮ್ಮ ಸೊಸಿಗೆ ಓದೂ ಹುಚ್ಚ ಬಾಳ. ಹೋಗವಾ, ತಂದ ಕೊಡ. ಒಯ್ದ ಓದಲಿ."

ನಮ್ಮ ಮನಿ ಪುಸ್ತಕ! ಒಳಗೆ ಹೋಗಿ ಪೆಟ್ಟಿಗೆ ತೆಗೆಯುವಾಗ ಸಿಟ್ಟಿಗೆ ನನ್ನ ಕಣ್ಣು ಮಂಜಾಗಿತ್ತು. ಬೆನ್ನು ಮುರಿದ ಪುಸ್ತಕ ಹಿಡಿದು ಹೊರಗೆ ಬಂದೆ. ಅತ್ತೆ ಕೈ ಚಾಚಿದರು.

"ಕೊಡೂದಿಲ್ರಿ," ಎಂದೆ.

ಆ ಮನೆಯಲ್ಲಿ ನಾನು ಅತ್ತೆಗೆ ಆಡಿದ ಮೊದಲ 'ಇಲ್ಲ' ಅದು. ನಾದಿನಿ ಬಾಯಿ ತೆರೆದು ನೋಡಿದಳು.

"ಇದ ಈ ಮನೀದಲ್ರಿ," ಎಂದು ಬೀಗತಿಯ ಕಡೆ ತಿರುಗಿದೆ. "ನಮ್ಮವ್ವ ಬೆಣ್ಣಿ ಮಾರಿ ಕೊಡಿಸಿದ್ದ. ಬಾಜೂಕ ಇರೂ ಮಾತೂ ಆಕೀವು. ನನಗ ಏನೂ ಕಲಿಸಿಲ್ಲಂತ ಅವತ್ತ ಅತ್ತಿ ನಿಮ್ಮ ಮುಂದನ ಅಂದ್ರಲ್ರಿ, ಅದ ಅವ್ವನ ಮಾತ ಇವು. ಕೇಳಾಕ ಮನಸಿದ್ರ ಕುಂಡ್ರಿ, ನಾನ ಓದತೀನಿ."

ಬೀಗತಿ ಅತ್ತೆಯವರ ಕಡೆ ಒಮ್ಮೆ ನೋಡಿದರು. ಆಮೇಲೆ ಕಾಲು ಮಡಿಚಿ ಸರಿಯಾಗಿ ಕುಳಿತರು. "ಓದ ಯವ್ವಾ," ಎಂದರು. ಬೀಗತಿ ಕುಳಿತ ಮೇಲೆ ಅತ್ತೆಯವರು ಎದ್ದು ಹೋಗುವಂತಿರಲಿಲ್ಲ.

ನನಗೆ ಬೇಕಾದ ಪುಟ ಹರಿಯದೆ ಉಳಿದಿತ್ತು. ಸಾರಿನ ಪುಟ. ಎಷ್ಟು ಸಾಧ್ಯವೋ ಅಷ್ಟು ಗಟ್ಟಿಯಾಗಿ ಓದಿದೆ. "ರುಚಿಗೆ ತಕ್ಕಷ್ಟು ಉಪ್ಪು ಹಾಕಿ." ನಿಲ್ಲಿಸಿ, ಅಂಚಿನ ಪೆನ್ಸಿಲ್ ಅಕ್ಷರಕ್ಕೆ ಬೆರಳಿಟ್ಟೆ.

"ಅವ್ವ ಅಂದಳು: ಒಬ್ಬಾಕೀನ ಹಾಕ್ರಿ ಅಂತ ಬರೀಬೇಕಿತ್ತ ಈಕಿ. ಮನಿಯಾಗ ನಾ ದೊಡ್ಡಾಕಿ ನಾ ದೊಡ್ಡಾಕಿ ಅನ್ನಾವರ ಬಾಳ ಮಂದಿ ಇರ್ತಾರ."

ಬೀಗತಿ ನಗಲು ಹೊರಟವರು ನಡುವೆಯೇ ನಿಲ್ಲಿಸಿದರು. ಅವರು ಅಂದು ಎಳೆದುಕೊಂಡ ನೀರಿನ ತಂಬಿಗೆ ಅವರಿಗೆ ನೆನಪಾಗಿರಬೇಕು. ನಿಧಾನವಾಗಿ ಅತ್ತೆಯವರ ಕಡೆ ತಿರುಗಿದರು. ಅತ್ತೆ ತಮ್ಮ ಸೆರಗಿನ ಅಂಚನ್ನು ನೋಡುತ್ತ ಕುಳಿತಿದ್ದರು. ನಾನು ಆ ಸಾಲನ್ನು ಇನ್ನೊಮ್ಮೆ ಓದಿದೆ.