ಅಕ್ಕನ ‘ಇಲ್ಲೆ’

ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷ. ಸಾಗರಕ್ಕೆ ವಾಪಸು ಹೋಗುವ ಐದೂಕಾಲರ ಬಸ್ಸು ಸಿಗುತ್ತದೋ ಇಲ್ಲವೋ ಎಂದು ವಸತಿಗೃಹದ ಗೋಡೆ ಗಡಿಯಾರವನ್ನು ಆಗಷ್ಟೇ ನೋಡಿದ್ದೆ. ಅಕ್ಕ ಲೋಟ ಹಿಡಿದು ಟೀ ಸಾಲಿನಲ್ಲಿ ನಿಂತಿದ್ದಳು. ಲೋಟ ಬಿತ್ತು. ಆಮೇಲೆ ಅಕ್ಕ ಬಿದ್ದಳು, ನೆಲದ ಮೇಲಿದ್ದ ಬಿಸಿ ಟೀ ಪಾತ್ರೆಗೆ ಒಂದು ಗೇಣು ಈಚೆ.

ಆ ಗೇಣನ್ನು ನಾನು ಈಗಲೂ ಮನಸ್ಸಿನಲ್ಲಿ ಅಳೆಯುತ್ತಿರುತ್ತೇನೆ.

ಅಕ್ಕನಿಗೆ ನಲವತ್ತಾರು. ಹುಟ್ಟಿನಿಂದಲೇ ಬುದ್ಧಿಯ ಬೆಳವಣಿಗೆ ನಿಧಾನ, ಜೊತೆಗೆ ಮೂರ್ಛೆರೋಗ. ಅಮ್ಮ ತೀರಿಕೊಂಡ ಮೇಲೆ, ನಾನು ಕೆಲಸಕ್ಕೆ ಹೋದಾಗ ನೋಡಿಕೊಳ್ಳುವವರಿಲ್ಲದೆ, ತೀರ್ಥಹಳ್ಳಿಯ ಹೊರಗಿರುವ ಈ ವಸತಿಗೃಹಕ್ಕೆ ಸೇರಿಸಿದ್ದೆ. ಅಕ್ಕನಂಥವರೇ ಹದಿನಾಲ್ಕು ಹೆಂಗಸರು. ಒರೆಸಿದ ನೆಲ, ಒಗೆದ ಚಾದರ, ಗೋಡೆಯ ಮೇಲೆ ಚಿಟ್ಟೆಗಳ ಚಿತ್ರ. ಸೇರಿಸುವಾಗ ನಾನು ನೋಡಿದ್ದು ಅಷ್ಟನ್ನೇ.

ಅಕ್ಕನ ಮೈ ಸೆಟೆದು ಅದುರತೊಡಗಿತು. ಆಯಾ ಓಡಿ ಬಂದು ಸೊಂಟದಿಂದ ಬೀಗದ ಕೈ ಗೊಂಚಲು ತೆಗೆದು ಅವಳ ಮುಷ್ಟಿಯೊಳಗೆ ತುರುಕಿದರು.

"ಕಬ್ಬಿಣ ಹಿಡಿಸಿದ್ರೆ ನಿಲ್ತದೆ ಮೇಡಂ, ಗಾಬ್ರಿ ಆಗ್ಬೇಡಿ."

ನಿಲ್ಲಲಿಲ್ಲ. ಅಕ್ಕನನ್ನು ಪಕ್ಕಕ್ಕೆ ಹೊರಳಿಸಿ, ಒಂದು ಕೈಯಲ್ಲಿ ತಲೆ ಹಿಡಿದು, ಇನ್ನೊಂದು ಕೈಯಲ್ಲಿ ಆಟೋಗೆ ಫೋನ್ ಮಾಡಿದೆ. ಮನೆಯಲ್ಲಿ ಎರಡು ನಿಮಿಷಕ್ಕೆ ನಿಲ್ಲುತ್ತಿದ್ದದ್ದು ಹತ್ತು ನಿಮಿಷ ದಾಟಿತು. ತುಟಿ ನೀಲಿಯಾಯಿತು. ಹೊರಗೆ ಆಟೋ ಬಂದು ಹಾರನ್ ಮಾಡಿತು.

"ಗೇಟ್ ತೆಗೀರಿ!" ಎಂದು ಕೂಗಿದೆ.

ಆಯಾ ಸೊಂಟ ಮುಟ್ಟಿಕೊಂಡರು. ಆಮೇಲೆ ಅಕ್ಕನ ಮುಷ್ಟಿಯನ್ನು ನೋಡಿದರು. "ಅಯ್ಯೋ ಮಾರಾಯ್ರೆ, ಗೇಟಿನ ಕೀನೂ ಅದ್ರಲ್ಲೇ ಅದೆ."

ಇಬ್ಬರೂ ಸೇರಿ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆವು. ಒಂದನ್ನು ಬಿಡಿಸುವಷ್ಟರಲ್ಲಿ ಇನ್ನೊಂದು ಮುಚ್ಚಿಕೊಳ್ಳುತ್ತಿತ್ತು. ಹಿಂದೆ ನಿಂತಿದ್ದ ಒಬ್ಬಾಕೆ, "ಟೀ ಚೆಲ್ಲಿದ್ದು ನಾನಲ್ಲ, ಬೈಬೇಡಿ, ನಾನಲ್ಲ" ಎಂದು ಹೇಳುತ್ತಲೇ ಇದ್ದಳು. ಹೊರಗೆ ಹಾರನ್ ಹೊಡೆಯುತ್ತಲೇ ಇತ್ತು.

ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟ ಮೇಲೆ ನಿಂತಿತು. ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು.

ಮರುದಿನ ಬೆಳಿಗ್ಗೆ ಅಕ್ಕನಿಗೆ ಎಚ್ಚರವಾಯಿತು. ಮಾತ್ರೆ ತಪ್ಪಿದೆಯೇ ಎಂದು ಡಾಕ್ಟರು ಕೇಳಿದಾಗ ಆಯಾ ತಾವು ತಂದಿದ್ದ ಹಾಳೆ ಬಿಡಿಸಿದರು. ಪ್ರತಿ ದಿನದ ಮುಂದೂ ಟಿಕ್.

"ದಿನಾ ಕೇಳೇ ಹಾಕಿದೀನಿ ಸಾರ್, ಬೇಕಾದ್ರೆ ನೀವೇ ಕೇಳಿ."

"ಮಾತ್ರೆ ತಗೋತಿದ್ಯೇನಮ್ಮ?" ಎಂದರು ಡಾಕ್ಟರು.

"ಇಲ್ಲೆ" ಎಂದಳು ಅಕ್ಕ.

"ನೋಡಿ!" ಆಯಾರ ಮುಖ ಅರಳಿತು. "ಇಲ್ಲೇ ತಗಂಡೆ ಅಂತಾಳೆ. ದಿನಾ ಹಿಂಗೇ ಹೇಳೋದು, ಜಾಣೆ."

ನಮ್ಮದು ಹವ್ಯಕರ ಮನೆಮಾತು. ನಮ್ಮಲ್ಲಿ ‘ಇಲ್ಲೆ’ ಎಂದರೆ ಇಲ್ಲ. ಅಕ್ಕನಿಗೆ ಬರುವ ಹತ್ತು ಹನ್ನೆರಡು ಮಾತುಗಳಲ್ಲಿ ಅದೂ ಒಂದು. ಎಲ್ಲರಿಗೂ ಕೇಳಿಸುವಂತೆ ಅವಳು ದಿನವೂ ಹೇಳಿದ್ದಳು: ತೆಗೆದುಕೊಂಡಿಲ್ಲ. ತೀರ್ಥಹಳ್ಳಿಯ ಆಚೆಯಿಂದ ಬಂದ ಆ ಹೆಂಗಸಿನ ಕಿವಿ ಅದಕ್ಕೊಂದು ದೀರ್ಘ ಸೇರಿಸಿಕೊಂಡಿತ್ತು, ಅಷ್ಟೇ.

ನನ್ನ ಕಿವಿಯೂ ಹಾಗೆಯೇ. "ಇಲ್ಲಿ ಚೆನ್ನಾಗಿದ್ಯಾ ಅಂದ್ರೆ ‘ಇಲ್ಲೇ, ಇಲ್ಲೇ’ ಅಂತಾಳೆ ಮೇಡಂ, ಎಷ್ಟು ಹೊಂದ್ಕಂಡಿದಾಳೆ" ಎಂದು ಅವರು ಫೋನಿನಲ್ಲಿ ಹೇಳಿದಾಗ ನಾನು ನಂಬಿ ಖುಷಿಪಟ್ಟಿದ್ದೆ. ಸೇರಿಸುವಾಗ ಅರ್ಜಿಯಲ್ಲಿ ‘ಆಡುವ ಭಾಷೆ’ ಎಂಬಲ್ಲಿ ‘ಕನ್ನಡ’ ಎಂದು ಬರೆದವಳೂ ನಾನೇ. ಕನ್ನಡದಲ್ಲಿ ಎಂ.ಎ. ಮಾಡಿದವಳು.

ಬಟ್ಟೆ ತರಲು ಹೋದಾಗ ಅಕ್ಕನ ಪೆಟ್ಟಿಗೆಯಲ್ಲಿ ಸೋಪಿನ ಡಬ್ಬಿ ಸಿಕ್ಕಿತು. ಒಳಗೆ ಮಾತ್ರೆಗಳು, ಸಾಲಾಗಿ ಜೋಡಿಸಿಟ್ಟಂತೆ. ಮೊದಲಿದ್ದ ಇಬ್ಬರಲ್ಲಿ ಒಬ್ಬ ಆಯಾ ಕೆಲಸ ಬಿಟ್ಟು ಹೋಗಿದ್ದರಂತೆ. ಅಲ್ಲಿಯವರೆಗೆ ಮಾತ್ರೆಯನ್ನು ಬಾಯಿಗೆ ಹಾಕಿ ನುಂಗಿಸುತ್ತಿದ್ದರು. ಆಮೇಲೆ ತಟ್ಟೆಯ ಪಕ್ಕ ಇಟ್ಟು, ಊಟವಾದ ಮೇಲೆ ಕೇಳಿ ಟಿಕ್ ಹಾಕತೊಡಗಿದರು. ಹದಿನಾಲ್ಕು ಜನಕ್ಕೆ ಒಬ್ಬರೇ ಆಯಾ, ಅವರು ತಾನೇ ಎಷ್ಟು ನೋಡಿಯಾರು? ಜನ ಸಿಗುತ್ತಿಲ್ಲ ಎಂದರು ನಡೆಸುವವರು. ಹಾಗಾದರೆ ನಮಗೆ ಹೇಳಬೇಕಿತ್ತು ಎಂದೆ.

ಡಬ್ಬಿಯನ್ನು ಆಸ್ಪತ್ರೆಗೆ ತಂದು ಅಕ್ಕನ ಮುಂದೆ ತೆರೆದೆ. ಅವಳು ನನ್ನನ್ನು ನೋಡಿ ಕೈ ಚಾಚಿದಳು.

"ಬೆಲ್ಲ."

ಅಮ್ಮ ಮಾತ್ರೆಯ ಜೊತೆ ಬೆಲ್ಲದ ಚೂರು ಕೊಡುತ್ತಿದ್ದದ್ದು ನನಗೆ ಆಗ ನೆನಪಾಯಿತು. ಅಕ್ಕ ಮಾತ್ರೆಗಳನ್ನು ಬಚ್ಚಿಟ್ಟಿರಲಿಲ್ಲ. ಬೆಲ್ಲ ಬರಲಿ ಎಂದು ಕಾದಿದ್ದಳು.

ರಜೆ ಹಾಕಿ ಅವಳನ್ನು ಸಾಗರಕ್ಕೆ ಕರೆತಂದೆ. ನಿದ್ದೆ ಹತ್ತಲಿಲ್ಲ, ಕಣ್ಣು ಮುಚ್ಚಿದರೆ ಮುಷ್ಟಿ, ಹಾರನ್ನು. ರಜೆ ಮುಗಿಯುವ ಮೊದಲು ಹೊಸನಗರದ ಕಡೆ ಇನ್ನೊಂದು ವಸತಿಗೃಹ ನೋಡಿ ಬಂದೆ. ಅಲ್ಲಿ ಮಲಗುವ ಕೋಣೆಗಳಿಗೆ ಹಗಲಲ್ಲೂ ಹೊರಗಿನಿಂದ ಚಿಲಕ. ಒಳಗಿನಿಂದ ಯಾರೋ ಮೆಲ್ಲಗೆ ಬಾಗಿಲು ತಟ್ಟುತ್ತಿದ್ದರು. ಜಾಗ ತೋರಿಸುತ್ತಿದ್ದವರಿಗೆ ಅದು ಕೇಳಿಸಿದಂತೆಯೇ ಕಾಣಲಿಲ್ಲ.

ಕೊನೆಗೆ ಹಳೆಯ ಜಾಗಕ್ಕೇ ಮರಳಿದೆವು, ಷರತ್ತು ಹಾಕಿ. ಇನ್ನೊಬ್ಬ ಆಯಾ ಬಂದ ಮೇಲೆಯೇ ಕಳಿಸಿದೆ. ಗೇಟಿನ ಕೀ ಬೇರೆ ಮೊಳೆಗೆ. ಮಾತ್ರೆಯನ್ನು ಬೆಲ್ಲದ ಚೂರಿನ ಜೊತೆ ಕಣ್ಣೆದುರೇ ನುಂಗಿಸಬೇಕು. ಗೋಡೆಗೆ ನನ್ನ ಅಕ್ಷರದಲ್ಲಿ ಅಕ್ಕನ ಮಾತುಗಳ ಪಟ್ಟಿ, ಅರ್ಥದ ಸಮೇತ. ಆದರೂ ನಿದ್ದೆ ಬರಲಿಲ್ಲ. ಗೋಡೆಯ ಮೇಲಿನ ಹಾಳೆಯನ್ನು ನಂಬುವುದು ಹೇಗೆ? ಮೊದಲೂ ಒಂದು ಹಾಳೆ ಇತ್ತಲ್ಲ.

ಮೂರನೆಯ ವಾರ, ಒಂದು ಬುಧವಾರ ಬೆಳಿಗ್ಗೆ, ಹಳೆಯ ಆಯಾ ಫೋನ್ ಮಾಡಿದರು.

"ಮೇಡಂ, ಬೆಲ್ಲ ಖಾಲಿ. ಡಬ್ಬಿ ತೋರಿಸಿ ‘ಇಲ್ಲೆ’ ಅಂದೆ. ನಿಮ್ಮಕ್ಕ ಬಾಯೇ ತೆಗೀಲಿಲ್ಲ ಮಾರಾಯ್ರೆ! ಕಡೆಗೆ ಪಕ್ಕದ ಮನೆಯಿಂದ ಒಂದು ಉಂಡೆ ಇಸ್ಕಂಡು ಬಂದು ನುಂಗ್ಸಿದೆ. ನಾಕೈದು ಅಚ್ಚು ತಗಂಬನ್ನಿ ಆಯ್ತಾ?"

ಅವರ ‘ಇಲ್ಲೆ’ಗೆ ದೀರ್ಘ ಇರಲಿಲ್ಲ.

ಆ ರಾತ್ರಿ ಮಲಗಿದವಳಿಗೆ ಎಚ್ಚರವಾದಾಗ ಏಳು ಗಂಟೆ. ಬೆಳಕು ಹಾಸಿಗೆಯವರೆಗೆ ಬಂದಿತ್ತು. ಇಷ್ಟು ಹೊತ್ತು ಮಲಗಿಬಿಟ್ಟೆನಲ್ಲ ಎಂದು ಗಾಬರಿಯಾಗಿ ಮೊದಲು ಫೋನಿಗೆ ಕೈ ಹಾಕಿದೆ. ಯಾರ ಕರೆಯೂ ಬಂದಿರಲಿಲ್ಲ.