ಹುಬ್ಬಿನ ಮೇಲೆ ಕಣ್ಣು

ಮುಖದ ಅಚ್ಚು ತೆಗೆಯುವ ಮೊದಲು ಹುಬ್ಬಿಗೆ ವ್ಯಾಸಲೀನ್ ಬಳಿಯಬೇಕು ಎಂದು ಮೂವತ್ತು ವರ್ಷ ಪಾಠ ಹೇಳಿದ ಆರ್ಲೀನ್ ಸ್ಟೋವಾಲ್, ಸೆಪ್ಟೆಂಬರಿನ ಒಂದು ಶುಕ್ರವಾರ ತನ್ನ ಬಲ ಹುಬ್ಬಿಗೆ ಮಾತ್ರ ಬಳಿದುಕೊಂಡಳು. ಎಡಕ್ಕೆ ಕೈ ಹೋಗುವಷ್ಟರಲ್ಲಿ ಫೋನು ಬಂತು. ಮಾತು ಮುಗಿಸಿ ಬಂದವಳು ಎರಡೂ ಆಯಿತೆಂದುಕೊಂಡು, ಹಣೆಯಿಂದ ಮೂಗಿನ ತುದಿಯವರೆಗೆ ಪ್ಲಾಸ್ಟರ್ ಮೆತ್ತಿಕೊಂಡು, ಮೂಳೆಗಳ ಲ್ಯಾಬಿನ ಮೇಜಿನ ಮೇಲೆ ಅಂಗಾತ ಮಲಗಿದಳು.

ಬಾಗಿಲಿಗೆ ಚಿಲಕ ಹಾಕುವುದೂ ಮರೆತಿತ್ತು. ಪ್ಲಾಸ್ಟರ್ ಗಟ್ಟಿಯಾಗುವ ಹೊತ್ತಿಗೆ ಸರಿಯಾಗಿ, ವಿಶ್ವವಿದ್ಯಾಲಯದ ಮಾನವಶಾಸ್ತ್ರ ವಿಭಾಗಕ್ಕೆ ಹೊಸದಾಗಿ ಬಂದಿದ್ದ ಬ್ರಿಟಾ ನೈಗಾರ್ಡ್, ಲ್ಯಾಬು ನೋಡಲು ಬಂದ ಶಾಲಾ ಮಕ್ಕಳ ಹಿಂಡನ್ನು ಕರೆದುಕೊಂಡು ಒಳಗೆ ಬಂದಳು.

“ಇದು ಯಾವ ಕಾಲದ್ದು?” ಒಂದು ಹುಡುಗಿ ಮೇಜಿನ ಕಡೆ ಬೆರಳು ಮಾಡಿ ಕೇಳಿದಳು.

“ಡಿಸ್ಕೋ ಕಾಲದ್ದು,” ಎಂದ ಮೂಲೆಯಲ್ಲಿ ಕಲ್ಲು ಕುಟ್ಟುತ್ತಿದ್ದ ಎಮೆಟ್. ಶಿಲಾಯುಗದ ಆಯುಧಗಳ ಪ್ರೊಫೆಸರ್ ಅವನು. ಆರ್ಲೀನಳಷ್ಟೇ ಹಳಬ.

ಮೇಜಿನ ಮೇಲಿನ ವಸ್ತು ಎದ್ದು ಕೂತಿತು. ಎರಡು ಮಕ್ಕಳು ಚೀರಿದವು.

“ಎಮೆಟ್, ಇದು ಬರ್ತಿಲ್ಲ.”

“ಬಲಗಡೆ ಬಿಟ್ಟಿದೆಯಲ್ಲ.”

“ಎಡಗಡೆ ಬರ್ತಿಲ್ಲ.”

“ವ್ಯಾಸಲೀನ್ ಹಾಕಿದ್ಯಾ?”

ಆರ್ಲೀನ್ ಪ್ಲಾಸ್ಟರಿನ ಅಂಚಿಗೆ ಉಗುರು ಹಾಕಿ ಕೆರೆದಳು.

“ಇದೇ ತಪ್ಪಿಗೆ ನೀನು ಫಸ್ಟ್ ಇಯರ್ ಹುಡುಗರ ಮಾರ್ಕ್ಸ್ ಕತ್ತರಿಸ್ತೀಯ, ನೆನಪಿದೆಯಾ?”

“ಮಾತು ಸಾಕು. ಎಳಿ.”

ಎಳೆದ. ಅಚ್ಚು ಬಹಳ ಅಚ್ಚುಕಟ್ಟಾಗಿ ಬಂತು. ಎಡ ಹುಬ್ಬು ಬೇರು ಸಮೇತ ಅದರೊಳಗೇ ಬಂತು. ಇಡೀ ವಿಭಾಗ ಹುಬ್ಬೇರಿಸಿತು. ಆರ್ಲೀನಳಿಗೆ ಏರಿಸಲು ಒಂದೇ ಉಳಿದಿತ್ತು.

ಪ್ರೊಫೆಸರಾದವಳು ಇಂಥ ಕೆಲಸಕ್ಕೆ ಯಾಕೆ ಇಳಿದಳು ಎನ್ನುವುದಕ್ಕೆ ಆಕೆಯ ಹಣೆಬರಹವನ್ನೇ ಓದಬೇಕು. ಅದನ್ನು ಬರೆದವನು ಕೆಳಗಡೆ ದಪ್ಪ ಗೆರೆ ಎಳೆದಿದ್ದ. ಕಣ್ಣುಗಳ ಮೇಲೆ ಎರಡು ಕಮಾನಿನ ಹಾಗೆ ಮುಂದೆ ಚಾಚಿದ ಹುಬ್ಬಿನ ಮೂಳೆ ಆರ್ಲೀನಳದು. ಆಕೆ ಹುಟ್ಟಿ ಬೆಳೆದದ್ದು ಟುಕುಮ್ಕಾರಿಯಲ್ಲಿ, ಅಪ್ಪನ ಪೆಟ್ರೋಲ್ ಬಂಕಿನ ಹಿಂದಿನ ಮನೆಯಲ್ಲಿ. ಶಾಲೆಯಲ್ಲಿ ಆಕೆಯ ಹೆಸರು ಸಜ್ಜಾ. ‘ಮಳೆ ಬಂದ್ರೆ ಆರ್ಲೀನ್ ಕೆಳಗೆ ನಿಂತ್ಕೊಳ್ರೋ’ ಎಂದು ಹುಡುಗರು ಕೂಗುತ್ತಿದ್ದರಂತೆ, ಮಳೆಯೇ ಬಾರದ ಆ ಊರಿನಲ್ಲಿ.

ಕಾಲೇಜಿನಲ್ಲಿ ಮೂಳೆಗಳ ಮೊದಲ ಪಾಠದ ದಿನ, ಮುದಿ ಪ್ರೊಫೆಸರೊಬ್ಬರು ಬೆಂಚಿನ ಸಾಲುಗಳ ನಡುವೆ ಹೋಗುತ್ತಿದ್ದವರು ಈಕೆಯ ಮುಂದೆ ನಿಂತುಬಿಟ್ಟರು. ಜೇಬಿನಿಂದ ಅಳತೆಯ ಕೈವಾರ ತೆಗೆದು ಮೆಲ್ಲನೆ ಹುಬ್ಬಿನ ಮೇಲಿಟ್ಟರು. “ಇಂಥದ್ದನ್ನ ಜೀವಂತವಾಗಿ ನೋಡ್ತೀನಿ ಅಂತ ಅಂದ್ಕೊಂಡಿರಲಿಲ್ಲಮ್ಮ,” ಅಂದರು. ಅದುವರೆಗೆ ಆರ್ಲೀನಳ ಮುಖದ ಯಾವ ಭಾಗವನ್ನೂ ಯಾರೂ ಹೊಗಳಿರಲಿಲ್ಲ. ಆಕೆ ಆ ವಿದ್ಯೆಗೇ ತನ್ನನ್ನು ಒಪ್ಪಿಸಿಕೊಂಡಳು. ಶಿಲಾಯುಗದಲ್ಲೇ ಅಳಿದುಹೋದ ನಿಯಾಂಡರ್ತಾಲ್ ಮನುಷ್ಯರ ಚಾಚಿದ ಹುಬ್ಬಿನ ಮೂಳೆಯೆಂದರೆ ದೇಶದಲ್ಲಿ ಹೆಸರು ಹೇಳಬಹುದಾದವರಲ್ಲಿ ಒಬ್ಬಳಾದಳು.

ನಮ್ಮ ಆಲ್ಬುಕರ್ಕಿಯ ವಿಭಾಗದಲ್ಲಿ ಬೇರೆಯವರು ಕ್ಷೇಮ ವಿಚಾರಿಸುವಷ್ಟು ಸಹಜವಾಗಿ ಒಬ್ಬರ ತಲೆ ಇನ್ನೊಬ್ಬರು ಅಳೆಯುತ್ತಾರೆ. ನಮ್ಮಲ್ಲಿ ದೊಡ್ಡ ಹುಬ್ಬು ಯಾರದೆಂಬುದು ಪ್ರಶ್ನೆಯೇ ಆಗಿರಲಿಲ್ಲ. ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳ ಮುಂದೆ ಆರ್ಲೀನ್ ತಲೆ ಬಗ್ಗಿಸಿ ನಿಲ್ಲುತ್ತಿದ್ದಳು. ಅವರು ಸಾಲಾಗಿ ಬಂದು ಬೆರಳಿನಿಂದ ಸವರಿ ಹೋಗುತ್ತಿದ್ದರು. ಪೋಪನ ಉಂಗುರಕ್ಕೆ ಮುತ್ತಿಡುವವರೂ ಅಷ್ಟು ಭಕ್ತಿಯಿಂದ ಬಾಗುವುದಿಲ್ಲ.

ಬ್ರಿಟಾ ಬಂದದ್ದು ಆ ಸೆಪ್ಟೆಂಬರಿಗೆ ಹಿಂದಿನ ಚಳಿಗಾಲದಲ್ಲಿ, ಮಿನೆಸೋಟದಿಂದ. ಎತ್ತರದ, ಮೆಲುಮಾತಿನ ಹುಡುಗಿ. ಅವಳ ಕೆಲಸ ಮೂಳೆಯದ್ದೂ ಅಲ್ಲ, ಗವಿಯ ಮಣ್ಣಿನಲ್ಲಿ ಉಳಿದ ಪರಾಗದ್ದು. ಮುಂಗೂದಲು ಕಣ್ಣಿನವರೆಗೆ ಇಳಿಬಿಟ್ಟಿರುತ್ತಿದ್ದಳು. ಒಂದು ದಿನ ವಾಶ್‌ರೂಮಿನಲ್ಲಿ ಮುಖ ತೊಳೆಯಲು ಅವಳು ಆ ಕೂದಲನ್ನು ಮೇಲೆತ್ತಿದಳು. ಪಕ್ಕದ ನಲ್ಲಿಯ ಮುಂದೆ ಆರ್ಲೀನ್ ಇದ್ದಳು. ಕನ್ನಡಿಯಲ್ಲಿ ಎರಡು ಹಣೆಗಳು ಅಕ್ಕಪಕ್ಕ ಕಂಡವು. ಮೂವತ್ತು ವರ್ಷ ಪಳಗಿದ ಕಣ್ಣಿಗೆ ಕೈವಾರ ಬೇಕಾಗಲಿಲ್ಲ.

ಅಂದಿನಿಂದ ಆರ್ಲೀನಳಿಗೆ ಬ್ರಿಟಾಳ ಮೇಲೆ ಎಲ್ಲಿಲ್ಲದ ಅಕ್ಕರೆ ಹುಟ್ಟಿತು.

“ಈ ಮುಂಗೂದಲು ನಿನಗೆ ಎಷ್ಟು ಒಪ್ಪುತ್ತೆ ಗೊತ್ತಾ ಬ್ರಿಟಾ? ಯಾವತ್ತೂ ಎತ್ತಿ ಕಟ್ಟಬೇಡ.”

“ಇಲ್ಲಿ ಸೆಕೆ ಜಾಸ್ತಿ, ಡಾಕ್ಟರ್ ಸ್ಟೋವಾಲ್.”

“ಸೆಕೆಗೆ ಟೋಪಿ ಇದೆಯಲ್ಲ.”

ಮೊದಲು ಉಣ್ಣೆಯದೊಂದು ಬಂತು. ಬೇಸಿಗೆಗೆ ಬಟ್ಟೆಯದು. ಹುಟ್ಟುಹಬ್ಬಕ್ಕೆ ಕೊಡೆಯಷ್ಟು ಅಗಲದ ಅಂಚಿನ ಹುಲ್ಲಿನ ಟೋಪಿ. ಹೀಗೆ ಆರ್ಲೀನ್ ಆ ಹುಡುಗಿಗೆ ಎರಡೂ ಅರ್ಥದಲ್ಲಿ ಟೋಪಿ ಹಾಕಿದಳು. ಬ್ರಿಟಾ ಮಾತ್ರ ತಾಯಿಗೆ ಫೋನು ಮಾಡಿ, ಇಲ್ಲಿಯವರು ಎಷ್ಟು ಒಳ್ಳೆಯವರು ಎಂದು ಹೇಳಿಕೊಂಡಳು.

ಆ ಬೇಸಿಗೆಯಲ್ಲೇ ಸುದ್ದಿ ಬಂತು. ಊರಿನ ಮ್ಯೂಸಿಯಮ್ಮಿನ ಹೊಸ ಅಂಗಣದಲ್ಲಿ ಬೆಂಕಿಯ ಮುಂದೆ ಕೂತ ನಿಯಾಂಡರ್ತಾಲ್ ಹೆಂಗಸಿನ ಆಳೆತ್ತರದ ಮೂರ್ತಿ ಬರಲಿದೆ. ಸಾಂಟಾ ಫೆಯ ಶಿಲ್ಪಿ ಮರಿಸೋಲ್ ಓಲಿವಾಸ್‌ಗೆ ಅದರ ಕೆಲಸ. ತಲೆಬುರುಡೆಯ ಲೆಕ್ಕ ಪುಸ್ತಕದಲ್ಲಿದೆ, ಆದರೆ ಚರ್ಮಕ್ಕೆ, ಭಾವಕ್ಕೆ ಬದುಕಿರುವ ಒಬ್ಬಳ ಮುಖ ಬೇಕು ಎಂದು ಅವಳು ನಮ್ಮ ವಿಭಾಗವನ್ನು ಕೇಳಿದ್ದಳು. ಬೇರೆ ಯಾವ ಕಚೇರಿಯಲ್ಲಾದರೂ ಹೀಗೆ ಕೇಳಿದರೆ ಮಾನನಷ್ಟದ ಕೇಸು ಬೀಳುತ್ತಿತ್ತು. ನಮ್ಮಲ್ಲಿ ಮೂರು ಜನ ಕನ್ನಡಿ ನೋಡಿಕೊಂಡರು. ಆರ್ಲೀನ್ ನೋಡಿಕೊಳ್ಳಲಿಲ್ಲ. ಆ ಕೆಲಸಕ್ಕೆ ಮುಖ ತನ್ನದೇ ಎಂದು ಟುಕುಮ್ಕಾರಿಯ ತಂಗಿಗೆ ಹೇಳಿಯೂ ಆಗಿತ್ತು. ಊರಿನ ಆ ಹುಡುಗರೆಲ್ಲ ಮೊಮ್ಮಕ್ಕಳನ್ನು ಕರೆದುಕೊಂಡು ಬಂದು, ಹಗ್ಗದ ಆಚೆ ನಿಂತು, ಸಜ್ಜಾವನ್ನು ತಲೆಯೆತ್ತಿ ನೋಡಲಿ ಎಂಬುದಷ್ಟೇ ಆಕೆಯ ಆಸೆ. ಶಿಲ್ಪಿಗೆ ಸಂದೇಹ ಉಳಿಯಬಾರದೆಂದು ಅಚ್ಚು ತೆಗೆದದ್ದು. ಹುಬ್ಬು ಸಮೇತ ಅದನ್ನೇ ಡಬ್ಬಿಯಲ್ಲಿಟ್ಟು ಕಳಿಸಿಕೊಟ್ಟಳು.

ಮರಿಸೋಲ್ ಎಲ್ಲರನ್ನೂ ಒಮ್ಮೆ ನೋಡುತ್ತೇನೆಂದು ನಮ್ಮ ವಾರ್ಷಿಕ ಪಿಕ್ನಿಕ್ಕಿಗೆ ಬಂದಳು. ನದಿಯ ಪಕ್ಕದ ಕಾಟನ್‌ವುಡ್ ಮರಗಳ ಕೆಳಗೆ ಹಸಿ ಮೆಣಸಿನಕಾಯಿ ಸುಡುವ ಡ್ರಮ್ಮು ತಿರುಗುತ್ತಿತ್ತು. ಮಾಂಸವನ್ನು ಎಮೆಟ್ ಕುಟ್ಟಿದ ಕಲ್ಲಿನ ಚೂರುಗಳಿಂದಲೇ ಕೊಯ್ಯಬೇಕೆಂಬುದು ನಮ್ಮ ಕಟ್ಟಳೆ. ಅರ್ಧ ಜನ ಬೆರಳಿಗೆ ಪಟ್ಟಿ ಹಾಕಿಕೊಂಡೇ ಊಟಕ್ಕೆ ಕೂರುತ್ತಾರೆ. ಊಟಕ್ಕೆ ಮೊದಲು ಈಟಿಯ ಪಂದ್ಯ. ಶಿಲಾಯುಗದವರ ಹಾಗೆ ಕೊಕ್ಕೆಕೋಲಿಗೆ ಈಟಿ ಸಿಕ್ಕಿಸಿ, ದೂರದ ರಟ್ಟಿನ ಕಾಡೆಮ್ಮೆಗೆ ಬೀಸಿ ಎಸೆಯಬೇಕು. ತಪ್ಪಿದವರು ಪಾತ್ರೆ ತೊಳೆಯಬೇಕು.

ಆರ್ಲೀನ್ ಪೆನ್ಸಿಲಿನಲ್ಲಿ ಎಡ ಹುಬ್ಬು ಬರೆದುಕೊಂಡು, ಸಂಜೆಬಿಸಿಲು ಹಣೆಯ ಮೇಲೆ ಓರೆಯಾಗಿ ಬೀಳುವ ಕಡೆ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ನೆರಳು ಕಣ್ಣಿನವರೆಗೆ ಇಳಿಯುತ್ತಿತ್ತು. ಮರಿಸೋಲ್ ತಟ್ಟೆ ಹಿಡಿದು ಪಕ್ಕದಲ್ಲೇ ಬಂದು ಕೂತಳು.

“ನಿಮ್ಮ ಅಚ್ಚು ತಲುಪ್ತು ಡಾಕ್ಟರ್. ಹುಬ್ಬೂ ತಲುಪ್ತು.”

“ಅದನ್ನ ಎಸೆದುಬಿಡಿ.”

“ಅಯ್ಯೋ, ಎಸೀತಾರಾ? ಒಂದೊಂದೇ ಕೂದಲು ಸೂಜೀಲಿ ನೆಡ್ತೀನಿ ನಾನು. ತಲೆಕೂದಲು ಬೇಕಾದಷ್ಟು ಸಿಗುತ್ತೆ. ಹುಬ್ಬಿಂದು ಯಾರು ಕೊಡ್ತಾರೆ? ತೆಗೆದಿಟ್ಟಿದ್ದೀನಿ.”

ಆರ್ಲೀನಳಿಗೆ ಇದು ಒಳ್ಳೆಯ ಶಕುನವಾಗಿ ಕಂಡಿತು.

ಆಗ ಬ್ರಿಟಾಳ ಸರದಿ ಬಂತು. ಉಡುಗೊರೆಯ ಹುಲ್ಲಿನ ಟೋಪಿ ಅವಳ ತಲೆಯ ಮೇಲಿತ್ತು. ಕೋಲು ಹಿಂದಕ್ಕೆ ಎತ್ತಿದರೆ ಅಂಚಿಗೆ ತಾಗುತ್ತಿತ್ತು. ಎರಡು ಸಲ ತಾಗಿತು.

“ಏ ಬ್ರಿಟಾ, ಆ ಕೊಡೆ ಮಡಚಮ್ಮ,” ಎಮೆಟ್ ಕೂಗಿದ. “ಕಾಡೆಮ್ಮೆ ನೆರಳಿಗೆ ಬಂದು ಮಲಗಿಬಿಡುತ್ತೆ.”

“ತೆಗೀಬೇಡ, ಬಿಸಿಲಿದೆ,” ಎಂದಳು ಆರ್ಲೀನ್ ಕುರ್ಚಿಯಿಂದ ಅರ್ಧ ಎದ್ದು.

ಬ್ರಿಟಾ ತೆಗೆದಳು. ಟೋಪಿಯೊಳಗೆ ಬೆವೆತ ಮುಂಗೂದಲು ಕಣ್ಣಿಗೆ ಅಂಟುತ್ತಿತ್ತು. ಅದನ್ನೂ ಹಿಂದಕ್ಕೆಳೆದು ಕ್ಲಿಪ್ಪು ಹಾಕಿದಳು. ಅಗಲ ಅಂಚಿನ ಟೋಪಿ ಕೊಡದೇ ಇದ್ದಿದ್ದರೆ ಕೂದಲು ತನ್ನ ಪಾಡಿಗೆ ತಾನು ಇಳಿಬಿದ್ದಿರುತ್ತಿತ್ತು. ಈಟಿ ರಟ್ಟಿನ ಕಾಡೆಮ್ಮೆಯಿಂದ ಒಂದು ಮಾರು ಆಚೆ ಹೋಗಿ ಬಿತ್ತು. ಚುಚ್ಚಿದ್ದು ಆರ್ಲೀನಳಿಗೆ. ಮರಿಸೋಲ್ ಬಾಯಿಗಿಟ್ಟ ತೊರ್ತಿಯಾ ರೊಟ್ಟಿಯನ್ನು ಅಗಿಯುವುದು ನಿಲ್ಲಿಸಿದ್ದಳು.

“ಅದು ಯಾರು?”

“ಪರಾಗದವಳು,” ಎಂದಳು ಆರ್ಲೀನ್. ಮರಿಸೋಲಳ ಕಡೆ ವಾಲಿ, “ಗದ್ದ ನೋಡಿದಿರಾ ಅವಳದು? ನೇಗಿಲು ಇದ್ದ ಹಾಗಿದೆ. ನಿಯಾಂಡರ್ತಾಲ್‌ಗೆ ಗದ್ದ ಚಾಚಿರಲೇ ಇಲ್ಲ. ನಂದು ನೋಡಿ, ಇದ್ದೂ ಇಲ್ಲ.”

“ಗದ್ದ ಕೆರೆದು ತೆಗೀಬಹುದು.”

“ಹಾಗಾದ್ರೆ ಹುಬ್ಬೂ ಮೆತ್ತಬಹುದು. ಯಾರ ಮುಖ ಆದ್ರೇನು?”

“ಮೂಳೆ ಮೆತ್ತಬಹುದು. ಅದರ ಕೆಳಗಿಂದ ನೋಡೋ ನೋಟ ಮೆತ್ತೋಕಾಗಲ್ಲ. ಬೇಜಾರು ಮಾಡ್ಕೋಬೇಡಿ ಡಾಕ್ಟರ್. ನಿಮ್ಮ ಹುಬ್ಬು ಬಾಳ ಚೆನ್ನಾಗಿದೆ. ಆದ್ರೆ ಅದು ನಿಮಗೂ ಗೊತ್ತು, ಮುಖದಲ್ಲಿ ಕಾಣುತ್ತೆ.”

ಆ ಸಂಜೆ ಆರ್ಲೀನ್ ಏನೂ ತಿನ್ನಲಿಲ್ಲ. ಮೆಣಸಿನಕಾಯಿ ಖಾರವೇನೋ ಎಂದು ಯಾರೋ ಕೇಳಿದರು. ಹೊಟ್ಟೆಯ ಕಿಚ್ಚಿಗೆ ಮೆಣಸಿನಕಾಯಿಯ ಅಗತ್ಯವಿರಲಿಲ್ಲ.

ಸೋಮವಾರ ಬೆಳಿಗ್ಗೆ ಬ್ರಿಟಾ ಆಕೆಯ ಕೋಣೆಯ ಬಾಗಿಲು ತಟ್ಟಿದಳು. ಮುಂಗೂದಲು ಮತ್ತೆ ಕಣ್ಣಿಗೆ ಇಳಿದಿತ್ತು.

“ಆ ಶಿಲ್ಪಿ ನನ್ನ ಮುಖ ಕೇಳ್ತಿದ್ದಾರೆ, ಡಾಕ್ಟರ್ ಸ್ಟೋವಾಲ್. ಬೇಡ ಅಂದುಬಿಡೋಣ ಅಂತಿದ್ದೀನಿ.”

ಆರ್ಲೀನಳ ಎದೆಯಲ್ಲಿ ಚರ್ಚಿನ ಗಂಟೆ ಹೊಡೆಯಿತು. “ಯಾಕೆ?” ಎಂದಳು ಸಾವಧಾನವಾಗಿ.

“ಸ್ಕೂಲಲ್ಲಿ ನನ್ನ ಗ್ಯಾರೇಜ್ ಅಂತಿದ್ರು. ಕಣ್ಣು ಒಳಗೆ ಪಾರ್ಕ್ ಮಾಡಿದೆ ಅಂತ. ಈಗ ಊರಿಗೆಲ್ಲ ತೋರಿಸಿಕೊಂಡು ಕೂತ್ಕೊಳ್ಳೋದಾ? ನೀವು ಈ ವಿಷಯ ತಿಳಿದವರು. ನಂದು ಅಂಥದ್ದೇನಾದರೂ ಇದೆಯಾ? ಇಲ್ಲ ಅಂದ್ರೆ ಇವತ್ತೇ ಇಲ್ಲ ಅಂತ ಹೇಳಿ ಕಳಿಸ್ತೀನಿ.”

‘ಇಲ್ಲ’ ಎಂಬ ಎರಡಕ್ಷರ ಆರ್ಲೀನಳ ನಾಲಿಗೆಯ ತುದಿಯಲ್ಲೇ ಕೂತಿತ್ತು. ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಅಳೆಯದೆ ಅಂಕಿ ಹೇಳಿದ ಪಾಪ ಆಕೆ ಯಾವತ್ತೂ ಮಾಡಿದವಳಲ್ಲ. ಮೇಜಿನ ಖಾನೆಯಿಂದ ಕೈವಾರ ತೆಗೆದು, “ಕೂದಲು ಎತ್ತು,” ಅಂದಳು. ಅಳೆದಳು. ಕೈವಾರದಲ್ಲೇ ದೋಷವಿರಬಹುದೆಂದು ಇನ್ನೊಂದು ತೆಗೆದು ಮತ್ತೆ ಅಳೆದಳು. ಎರಡನೆಯದು ಇನ್ನೂ ಸ್ವಲ್ಪ ಜಾಸ್ತಿ ತೋರಿಸಿತು.

“ನನ್ನದಕ್ಕಿಂತ ದೊಡ್ಡದು.”

“ಅಂದ್ರೆ ಒಳ್ಳೇದಾ ಕೆಟ್ಟದ್ದಾ?”

ಆರ್ಲೀನ್ ಕಿಟಕಿಯ ಕಡೆ ನೋಡಿದಳು. “ಇಂಥದ್ದನ್ನ ಜೀವಂತವಾಗಿ ಇನ್ನೊಂದು ನೋಡಿಲ್ಲ,” ಎಂದಳು, ಹಲ್ಲು ಕೀಳಿಸಿಕೊಳ್ಳುವವಳ ದನಿಯಲ್ಲಿ. “ಹೋಗಿ ಕೂತ್ಕೋ. ಆ ಗದ್ದ ಮಾತ್ರ ತೆಗೆಸು.”

ಬ್ರಿಟಾ ಅಳುತ್ತ ಆಕೆಯನ್ನು ತಬ್ಬಿಕೊಂಡಳು. ಇಬ್ಬರ ಹುಬ್ಬೂ ಢಿಕ್ಕಿ ಹೊಡೆದುಕೊಂಡವು. ಅವಳು ಹೋದ ಮೇಲೆ ಆರ್ಲೀನ್ ಎರಡು ಕೈವಾರಗಳನ್ನೂ ಕಸದ ಬುಟ್ಟಿಗೆ ಹಾಕಿದಳು. ಮಧ್ಯಾಹ್ನ ವಾಪಸ್ ತೆಗೆದಿಟ್ಟಳು.

ವಸಂತದಲ್ಲಿ ಅಂಗಣ ತೆರೆಯಿತು. ಪರದೆ ಸರಿದಾಗ ಬೆಂಕಿಯ ಮುಂದೆ ಆ ಹೆಂಗಸು ಕೂತಿದ್ದಳು. ಮೊಣಕಾಲ ಮೇಲೆ ಕೈ, ನೋಟ ಯಾರ ಕಡೆಗೂ ಇಲ್ಲ. ಗದ್ದ ತೆಗೆದಿತ್ತು. ಮುಂಗೂದಲನ್ನು ಹಿಂದಕ್ಕೆ ಬಾಚಿ ಕಟ್ಟಿದ್ದ ಬ್ರಿಟಾ ಪಕ್ಕದಲ್ಲಿ ನಾಚಿ ನಿಂತಿದ್ದಳು. ಜನ ಅವಳನ್ನೊಮ್ಮೆ ಮೂರ್ತಿಯನ್ನೊಮ್ಮೆ ನೋಡಿ ಚಪ್ಪಾಳೆ ಹೊಡೆದರು. ಆರ್ಲೀನ್ ಹಗ್ಗದ ಈಚೆ, ಮೂರ್ತಿಯ ಮುಖಕ್ಕೆ ಮುಖ ಕೊಟ್ಟು, ಬಹಳ ಹೊತ್ತು ಕದಲದೆ ನಿಂತಿದ್ದಳು. ಎಡ ಹುಬ್ಬು ಮತ್ತೆ ಬೆಳೆದಿತ್ತು, ಆದರೆ ವಯಸ್ಸಿಗೆ ತಕ್ಕ ಹಾಗೆ ಬೆಳ್ಳಗೆ.

ಆಕೆಯ ಕಣ್ಣು ಒದ್ದೆಯಾದದ್ದನ್ನು ಸ್ಥಳೀಯ ಟೀವಿಯ ಹುಡುಗಿ ಗಮನಿಸಿದಳು. ಮೈಕು ತಂದು ಹಿಡಿದಳು.

“ಪ್ರೊಫೆಸರ್ ಸ್ಟೋವಾಲ್, ಇಡೀ ಆಯುಷ್ಯ ಇವರನ್ನ ಅರ್ಥ ಮಾಡ್ಕೊಳ್ಳೋಕೆ ಕೊಟ್ಟವರು ನೀವು. ಇವತ್ತು ಈಕೆಯ ಮುಖ ನೋಡಿದಾಗ ನಿಮಗೆ ಏನು ಕಾಣಿಸ್ತು?”

ಆರ್ಲೀನ್ ಮೂರ್ತಿಯಿಂದ ಕಣ್ಣು ಕೀಳಲಿಲ್ಲ.

“ಎಡಗಡೆ ಹುಬ್ಬು ನಂದು,” ಎಂದಳು.