ಕಿಟಕಿಗೂ ಮೊದಲು ಕಾಲಿನ ಅಳತೆ

ಬೆಳಗಿನ ಐದೂವರೆ. ಹದಿಮೂರು ಮೆಟ್ಟಿಲು ಇಳಿದರೆ ಸಿಗುವ ನೆಲಮಾಳಿಗೆಯ ಬಾಡಿಗೆ ಮನೆಯೊಂದರಲ್ಲಿ, ಐವತ್ತನಾಲ್ಕು ವರ್ಷದ ಹೆಂಗಸೊಬ್ಬರು ಬರಿ ನೆಲದ ಮೇಲೆ ಅಂಗಾತ ಮಲಗಿದ್ದಾರೆ. ತಲೆ ಸರಿಯಾಗಿ ದಿಂಬು ಇರುವ ಜಾಗದಲ್ಲಿದೆ. ಮಂಚವನ್ನು ಅದಕ್ಕೆಂದೇ ಪಕ್ಕಕ್ಕೆ ಸರಿಸಿದ್ದಾರೆ.

"ಲೈಟ್ ಆರಿಸಮ್ಮ. ಅಡುಗೆ ಮನೇದೂ ಆರಿಸು," ಎನ್ನುತ್ತಾರೆ.

ಮನೆಯ ಬಾಡಿಗೆದಾರಳು, ಬಟ್ಟೆ ಹೊಲಿದು ಬದುಕುವವಳು, ಆರಿಸುತ್ತಾಳೆ. ಕತ್ತಲಾಗುತ್ತದೆ. ನೆಲದ ಮೇಲಿದ್ದವರು ಅಷ್ಟು ಸಾಲದೆಂದು ಕಣ್ಣನ್ನೂ ಮುಚ್ಚಿಕೊಂಡು, ಬೋರಲು ತಿರುಗಿ, ಅಂಬೆಗಾಲಿಡಲು ಶುರು ಮಾಡುತ್ತಾರೆ. ಹೊಗೆ ಮೇಲೆ ನಿಲ್ಲುತ್ತದೆ, ಹಾಗಾಗಿ ಕೆಳಗೇ ಹೋಗಬೇಕು. ಹೊಲಿಗೆ ಯಂತ್ರದ ಕಾಲಿಗೆ ಭುಜ ತಾಗುತ್ತದೆ. ಕತ್ತರಿಸಿದ ಬಟ್ಟೆಯ ಚೂರುಗಳು ಅಂಗೈಗೆ ಅಂಟುತ್ತವೆ. ಮೆಟ್ಟಿಲ ಬಾಗಿಲ ಹತ್ತಿರ ಗ್ಯಾಸಿನಿಂದ ನೀರು ಕಾಯಿಸುವ ಯಂತ್ರದ ಗೂಡು. ಅದರ ಮೇಲೆ ಕೈಯಿಟ್ಟು ನಿಲ್ಲುತ್ತಾರೆ. ಗೂಡು ಬೆಚ್ಚಗಿದೆ.

"ಇಲ್ಲೇ ಹತ್ಕೊಂಡ್ರೆ ಈ ಬಾಗಿಲು ಇದ್ದೂ ಇಲ್ಲ," ಎಂದು ಕತ್ತಲಲ್ಲೇ ಹೇಳಿ ಹಿಂದಕ್ಕೆ ತಿರುಗುತ್ತಾರೆ. ಎದುರು ಗೋಡೆ ಮುಟ್ಟುವವರೆಗೆ ತೆವಳಿ, ಅಂಗೈಯಿಂದ ಗೋಡೆ ತಡವಿ, ಸೀಮೆಸುಣ್ಣದಿಂದ ಒಂದು ಗೆರೆ ಎಳೆಯುತ್ತಾರೆ. "ಇಲ್ಲಿ ಬರಬೇಕು ಕಿಟಕಿ. ಹಾಕಮ್ಮ ಲೈಟು."

ಇವರನ್ನು ಆ ಸುತ್ತಿನ ಬೀದಿಗಳಲ್ಲೆಲ್ಲ ಕಿಟಕಿ ಅಕ್ಕ ಎಂದೇ ಕರೆಯುತ್ತಾರೆ. ನಿಜವಾದ ಹೆಸರು ಪಾಲಿಕೆಯ ಕಾಗದದಲ್ಲಿ ಮಾತ್ರ ಇದೆ. ನೆಲಮಾಳಿಗೆಗಳಲ್ಲಿ ಬಾಡಿಗೆಗಿರುವವರು ಪ್ರಾಣಾಪಾಯದ ಹೊತ್ತಿಗೆ ಹೊರಬರುವಂಥ ಕಿಟಕಿ ಕೊರೆಯುವುದು, ಚಾವಣಿಗೆ ಬೆಂಕಿ ತಡೆಯುವ ಹಲಗೆ ಹೊಡೆಯುವುದು, ಹೊಗೆ ಬಂದರೆ ಮೇಲೂ ಕೆಳಗೂ ಒಟ್ಟಿಗೆ ಕೂಗುವ ಅಲಾರಂ ಕೂರಿಸುವುದು, ತಪಾಸಣೆಯ ಅಧಿಕಾರಿ ಬಂದು ಮನೆ ಸಕ್ರಮವೆಂದು ಬರೆದುಕೊಡುವವರೆಗೆ ಜೊತೆಗಿರುವುದು ಅವರ ಕಸುಬು. ಹನ್ನೊಂದು ವರ್ಷಗಳಲ್ಲಿ ನೂರ ಅರವತ್ತಮೂರು ಕಿಟಕಿ ಕೊರೆದಿದ್ದಾರೆ. ಒಂದು ಕಿಟಕಿಯೆಂದರೆ ಸುಮಾರು ಆರುನೂರು ಕಿಲೋ ಗೋಡೆ. ಹದಿನೈದು ಕಿಲೋದ ಬಕೆಟ್ಟಿನಲ್ಲಿ ನಲವತ್ತು ಸಲ. ಇದು ಓದುವುದಕ್ಕೆ ಸಣ್ಣ ಲೆಕ್ಕ. ನಲವತ್ತನೆಯ ಬಕೆಟ್ಟು ಮೇಲೇರುವ ಹೊತ್ತಿಗೆ ಹಗ್ಗ ಹಿಡಿದ ಕೈಯನ್ನು ನೋಡಿದವರಿಗೆ ಅದು ಸಣ್ಣದೆನಿಸುವುದಿಲ್ಲ.

ಹಗ್ಗ ಹಿಡಿಯುವವರು ಅವರ ಗಂಡ. ಮೂವತ್ತು ವರ್ಷ ಕಾಂಕ್ರೀಟು ಕೊಯ್ಯುವ ಯಂತ್ರ ಹಿಡಿದು ಕಿವಿ ಮಂದವಾಗಿದೆ. ಕೆಲಸ ಕಲಿಸಿದವರು ಅವರೇ. ಈಗ ಯಂತ್ರ ಅಕ್ಕನ ಕೈಯಲ್ಲಿ, ಹಗ್ಗ ಅವರ ಕೈಯಲ್ಲಿ. ಕಿಟಕಿಗೆಂದು ಹೊರಗೆ ತೋಡಿದ ಗುಂಡಿಯ ಅಂಚಿನಲ್ಲಿ ನಿಂತು ಎಳೆಯುತ್ತಾರೆ. ಮಾತಿಲ್ಲ. ಒಂದು ಜಗ್ಗಿದರೆ ಎಳಿ, ಎರಡು ಜಗ್ಗಿದರೆ ನಿಲ್ಲಿಸು, ಮೂರು ಜಗ್ಗಿದರೆ ಚಹಾ.

"ನಮ್ಮ ಸಂಸಾರಾನೇ ಈ ಹಗ್ಗದ ಮೇಲೆ ನಡೀತಿದೆ," ಎನ್ನುತ್ತಾರೆ ಅಕ್ಕ. "ಬೈದ್ರೆ ಕೇಳಿಸಲ್ಲ, ಜಗ್ಗಿದ್ರೆ ಕೇಳಿಸುತ್ತೆ."

ಹೊಲಿಗೆಯವಳ ಮನೆಗೆ ಪಾಲಿಕೆಯ ನೋಟಿಸು ಅಂಟಿ ಮೂರು ವಾರವಾಗಿದೆ. ಶನಿವಾರದೊಳಗೆ ಮನೆ ಸುರಕ್ಷಿತವೆಂಬ ಕಾಗದ ಸಿಗದಿದ್ದರೆ ಬಾಗಿಲಿಗೆ ಬೀಗ. ಅವಳೂ ಅವಳ ಎಪ್ಪತ್ತನಾಲ್ಕು ವರ್ಷದ ತಾಯಿಯೂ ಬೀದಿಯಲ್ಲಿ. ಬೇರೆ ಮನೆಗಾಗಿ ಐದು ಕಡೆ ಹೋಗಿ ಬಂದಿದ್ದಾಳೆ. ಹೊಲಿಗೆ ಯಂತ್ರದ ಸದ್ದು ಎಂದು ಮೂವರು, ಮುದುಕಿ ಇದ್ದಾರೆ ಎಂದು ಇಬ್ಬರು ಬಾಗಿಲು ಹಾಕಿದ್ದಾರೆ.

ಕಿಟಕಿಗೆ ಟೇಪು ಹಿಡಿಯುವ ಮೊದಲು ಅಕ್ಕ ಅಜ್ಜಿಯ ಎದುರು ಮಂಡಿಯೂರಿ ಕೂರುತ್ತಾರೆ. ಒಂದು ಇಟ್ಟಿಗೆ ಇಡುತ್ತಾರೆ.

"ಇದರ ಮೇಲೆ ಕಾಲಿಡಿ ಅಜ್ಜಿ."

"ಕಿಟಕಿ ಗೋಡೆಗೋ ನನ್ನ ಕಾಲಿಗೋ?"

"ನಿಮ್ಮ ಕಾಲಿಗೇ. ಗೋಡೆ ಎಲ್ಲಿಗೂ ಓಡಬೇಕಾಗಿಲ್ಲ."

ಅಜ್ಜಿ ಮುಖ ಗಂಟಿಕ್ಕಿಕೊಂಡೇ ಕಾಲಿಡುತ್ತಾರೆ. ಅಕ್ಕ ಇನ್ನೊಂದು ಇಟ್ಟಿಗೆ ಪೇರಿಸುತ್ತಾರೆ. ಅದೂ ಆಗುತ್ತದೆ. ಮೂರನೆಯದಕ್ಕೆ ಕಾಲು ಅರ್ಧಕ್ಕೇ ನಿಲ್ಲುತ್ತದೆ. ಅಕ್ಕ ಚೀಲದಿಂದ ಮರದ ಪಟ್ಟಿಯೊಂದನ್ನು ತೆಗೆದು ಎರಡು ಇಟ್ಟಿಗೆಯ ಎತ್ತರಕ್ಕೆ ಮೊಳೆಯಿಂದ ಗೀರುತ್ತಾರೆ. ಆ ಪಟ್ಟಿಯ ತುಂಬ ಇಂಥವೇ ಗೀರುಗಳು. ಒಂದೊಂದೂ ಒಬ್ಬೊಬ್ಬರ ಕಾಲು. ಇದು ನಾಲ್ಕನೆಯ ಪಟ್ಟಿ, ಇದರಲ್ಲೂ ಜಾಗ ಮುಗಿಯುತ್ತಾ ಬಂದಿದೆ.

ಹೀಗೆ ಅಳೆಯಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ. ಕಿಟಕಿಯ ಕೆಳ ಅಂಚು ನೆಲದಿಂದ ನೂರ ಹತ್ತು ಸೆಂಟಿಮೀಟರಿಗಿಂತ ಎತ್ತರವಿರಬಾರದು ಎಂದಷ್ಟೇ ನಿಯಮ ಹೇಳುತ್ತದೆ. ಅಕ್ಕನ ಒಂಬತ್ತನೆಯ ಕಿಟಕಿ ನೂರ ಎಂಟಕ್ಕೆ ಇತ್ತು.

"ಎರಡು ಸೆಂಟಿಮೀಟರ್ ಇಳಿಸಿದೀನಿ ಅಂತ ನನಗೆ ಹೆಮ್ಮೆ ಬೇರೆ," ಎನ್ನುವಾಗ ಅವರ ಕೈ ಸುಮ್ಮನೆ ಪಟ್ಟಿಯನ್ನು ಸವರುತ್ತಿರುತ್ತದೆ.

ಆ ಮನೆಯಲ್ಲಿದ್ದವಳು ಬಟ್ಟೆ ಇಸ್ತ್ರಿ ಮಾಡುವ, ಗಿಡ್ಡನೆಯ ಹೆಂಗಸು. ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ವೈರು ಸುಟ್ಟು ಮನೆ ಹೊಗೆಯಾಯಿತು. ಅವಳು ಕಿಟಕಿ ತೆರೆದಳು. ಹತ್ತಲಾಗಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ಪೇಪರಿನವನು ಕೂಗು ಕೇಳಿ ಗುಂಡಿಗೆ ಇಳಿದು ಎರಡೂ ಕೈ ಹಿಡಿದು ಎಳೆದುಕೊಂಡ. ಬದುಕಿದಳು. ಸುದ್ದಿ ಕೇಳಿ ಓಡಿದ ಅಕ್ಕ ಖಾಲಿ ಕೋಣೆಯಲ್ಲಿ ತಾವೇ ಕೊರೆದ ಕಿಟಕಿಯ ಕೆಳಗೆ ನಿಂತರು. ಮಸಿ ಹಿಡಿದ ಸುಣ್ಣದ ಗೋಡೆಯ ಮೇಲೆ, ಮಂಡಿಯೆತ್ತರದಿಂದ ಕೆಳಕ್ಕೆ, ಕಾಲ್ಬೆರಳು ಜಾರಿದ ಗೀರುಗಳು. ಹನ್ನೊಂದು ಸಲ ಹತ್ತಲು ನೋಡಿದ್ದಳು. ಅಕ್ಕ ಎಣಿಸಿದ್ದಾರೆ.

"ಆಮೇಲೆ ಅವಳ ಮುಂದೆ ಹೋಗಿ ನಿಂತೆ. ಬೈತಾಳೆ ಅನ್ಕೊಂಡೆ. ಅವಳು, ಕಿಟಕಿ ಚೆನ್ನಾಗಿದೆ ಅಕ್ಕ, ನಾನೇ ಗಿಡ್ಡ ಅಂದಳು." ಅಕ್ಕ ಪಟ್ಟಿಯನ್ನು ಚೀಲಕ್ಕೆ ಹಾಕುತ್ತಾರೆ. "ಬೈದಿದ್ರೆ ಮರೆತುಬಿಡ್ತಿದ್ನೇನೋ."

ಅದಾದ ಮೇಲೆ ಹಿಂದಿನ ಎಂಟು ಮನೆಗಳಿಗೂ ಹೋಗಿ, ಯಾರೂ ಕೇಳದಿದ್ದರೂ, ಕಿಟಕಿಯ ಕೆಳಗೆ ಮೆಟ್ಟಿಲು ಕಟ್ಟಿಕೊಟ್ಟು ಬಂದರು. ಒಂದು ಮನೆಯವರು ಕಳ್ಳಿಯೆಂದು ತಿಳಿದು ನಾಯಿ ಬಿಟ್ಟಿದ್ದರಂತೆ. ಆ ಮನೆಗೆ ಮಾರನೆಯ ದಿನ ಗಂಡನನ್ನು ಮುಂದೆ ಬಿಟ್ಟುಕೊಂಡು ಹೋದರು. "ನಾಯಿ ಬೊಗಳೋದು ಇವರಿಗೆ ಕೇಳಿಸಲ್ಲ, ಧೈರ್ಯವಾಗಿ ಹೋಗ್ತಾರೆ."

ಹೊಲಿಗೆಯವಳ ಮನೆಯಲ್ಲಿ ನಾಲ್ಕು ದಿನ ಕೆಲಸ ನಡೆಯುತ್ತದೆ. ಬ್ಲೇಡಿಗೆ ನೀರು ಬಿಡುತ್ತಾ ಕೊಯ್ದರೂ ಬೂದು ಬಣ್ಣದ ರಾಡಿ ಅಕ್ಕನ ಹುಬ್ಬಿನವರೆಗೆ ಹಾರುತ್ತದೆ. ಗೋಡೆಯ ಆ ಬದಿಯಿಂದ ಮೊದಲ ಬೆಳಕಿನ ಗೆರೆ ಒಳಬಂದಾಗ ಅವರು ಯಂತ್ರ ನಿಲ್ಲಿಸುತ್ತಾರೆ. ಗೆರೆ ನೆಲದ ಮೇಲೆ ಬಿದ್ದ ಜಾಗದಲ್ಲಿ ಕಾಲು ನೀಡಿ ಕೂತ ಅಜ್ಜಿ ಅದಕ್ಕೆ ತಮ್ಮ ಪಾದ ಒಡ್ಡುತ್ತಾರೆ. ಆರು ವರ್ಷದಲ್ಲಿ ಆ ಕೋಣೆಗೆ ಬಂದ ಮೊದಲ ಬಿಸಿಲು. ಅಕ್ಕ ಸ್ವಲ್ಪ ಹೊತ್ತು ಕೆಲಸವನ್ನೇ ಶುರು ಮಾಡುವುದಿಲ್ಲ.

ಕಿಟಕಿಯ ಅಂಚು ಅರವತ್ತು ಸೆಂಟಿಮೀಟರಿಗೆ ಇಳಿದಿದೆ. ಒಳಗೆ ಮೂರು ಮೆಟ್ಟಿಲು, ಒಂದೊಂದೂ ಅಜ್ಜಿಯ ಎರಡು ಇಟ್ಟಿಗೆಯಷ್ಟೇ. ಹೊರಗಿನ ಗುಂಡಿಗೆ ಕಬ್ಬಿಣದ ಏಣಿ ಸಾಕು ಎನ್ನುತ್ತದೆ ನಿಯಮ. ಅಲ್ಲೂ ಮೆಟ್ಟಿಲೇ ಕಟ್ಟಿದ್ದಾರೆ. ಗುಂಡಿ ದೊಡ್ಡದಾಗಿ ತಮ್ಮ ಹೂಕುಂಡಗಳ ಜಾಗ ಹೋಯಿತೆಂದು ಮೇಲಿನ ಮನೆಯ ಮಾಲೀಕರಿಗೆ ಸಂಕಟ. ಅಲಾರಂ ಬಗ್ಗೆಯಂತೂ ಮೊದಲ ದಿನದಿಂದಲೂ ತಕರಾರು.

"ಅವಳು ಒಗ್ಗರಣೆ ಸೀದಿಸಿದ್ರೆ ನನ್ನ ನಿದ್ದೆ ಯಾಕಮ್ಮ ಕೆಡಬೇಕು?"

"ಕೆಳಗೆ ಮನೆ ಉರೀತಿರುವಾಗ ಮೇಲೆ ನಿದ್ದೆ ಹೇಗೆ ಬರುತ್ತೆ ಸಾರ್? ಹಾಸಿಗೆ ಬೆಚ್ಚಗಿರುತ್ತೆ ಅಂತಾನಾ?"

ಮಾಲೀಕರು ಒಪ್ಪಿಕೊಳ್ಳುತ್ತಾರೆ.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ತಪಾಸಣೆಯ ಅಧಿಕಾರಿ ಬರುತ್ತಾರೆ. ಕಿಟಕಿ ಅಳೆಯುತ್ತಾರೆ, ಸರಿಯಿದೆ. ಚಾವಣಿಯ ಎತ್ತರ ಸರಿಯಿದೆ. ಅಲಾರಂ ಒತ್ತಿದರೆ ಮೇಲೂ ಕೂಗುತ್ತದೆ. ಕಾಗದ ತೆಗೆದು ಕೊನೆಯ ಸಾಲಿನ ಮೇಲೆ ಬೆರಳಿಡುತ್ತಾರೆ. ಕೆಲಸ ಮಾಡಿದವರ ಸಹಿ ಬೇಕು. 'ಕೆಲಸ ಪೂರ್ಣಗೊಂಡಿದೆ, ವಾಸಕ್ಕೆ ಸುರಕ್ಷಿತವಾಗಿದೆ.'

"ಒಂದು ನಿಮಿಷ ಸಾರ್. ಅಜ್ಜಿ ಒಂದ್ಸಲ ಕಿಟಕಿಯಿಂದ ಹೊರಗೆ ಹೋಗಲಿ."

"ನನ್ನ ಟೇಪಿಗೆ ಸರಿಹೋಯ್ತಲ್ಲಮ್ಮ."

"ಪೂರ್ತಿಯಾಗಿದೆ ಅಂತ ಈಗಲೇ ಹಾಕ್ತೀನಿ. ಸುರಕ್ಷಿತ ಅಂತ ಹೇಗೆ ಹಾಕಲಿ? ಇನ್ನೂ ಗೊತ್ತಿಲ್ಲವಲ್ಲ."

ಹೊಲಿಗೆಯವಳು ಅಕ್ಕನ ತೋಳು ಹಿಡಿದು ಪಕ್ಕಕ್ಕೆ ಕರೆದು, "ಸಾಹೇಬ್ರೇ ಒಪ್ಪಿದಾರೆ ಅಕ್ಕ. ನೀವ್ಯಾಕೆ ಕೆದಕ್ತೀರಾ? ನಾಳೆ ಬೀಗ ಹಾಕ್ತಾರೆ," ಎಂದು ಪಿಸುಗುಟ್ಟುತ್ತಾಳೆ.

ಅಜ್ಜಿ ಮಂಚದ ಮೇಲಿಂದಲೇ ತೀರ್ಪು ಕೊಡುತ್ತಾರೆ. "ಬೆಂಕಿ ಬಿದ್ರೆ ನನ್ನ ಮಗಳು ಹೋಗ್ತಾಳೆ ಬಿಡು. ನಂದೇನು, ಆಯ್ತಲ್ಲ."

"ನೀವು ಒಳಗಿದ್ರೆ ಅವಳು ಹೋಗ್ತಾಳಾ ಅಜ್ಜಿ?"

ಅಜ್ಜಿ ಮಗಳನ್ನು ನೋಡುತ್ತಾರೆ. ಮಗಳು ನೆಲ ನೋಡುತ್ತಾಳೆ. ಗೋಡೆಯಾಚೆ ನೀರು ಕಾಯಿಸುವ ಯಂತ್ರ ಟಿಕ್ ಎಂದು ಹೊತ್ತಿಕೊಳ್ಳುತ್ತದೆ. ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಏಳುತ್ತಾರೆ.

ಮೊದಲ ಮೆಟ್ಟಿಲು, ಎರಡನೆಯದು, ಮೂರನೆಯದು. ಕಾಲಿನ ಅಳತೆ ಕೂದಲೆಳೆಯಷ್ಟೂ ತಪ್ಪಿಲ್ಲ. ಕಿಟಕಿಯ ಬಲಪಕ್ಕಕ್ಕೆ ಅಕ್ಕ ಗಟ್ಟಿ ಕಬ್ಬಿಣದ ಹಿಡಿಕೆ ಕೂರಿಸಿದ್ದಾರೆ, ಎಲ್ಲ ಮನೆಗಳಲ್ಲಿ ಕೂರಿಸುವ ಹಾಗೆ. ಅಜ್ಜಿ ಬಲಗೈ ಎತ್ತುತ್ತಾರೆ. ಕೈ ಎದೆಯ ಮಟ್ಟಕ್ಕೆ ಬಂದು ಅಲ್ಲೇ ನಿಲ್ಲುತ್ತದೆ. ಇನ್ನೊಮ್ಮೆ ಎತ್ತುತ್ತಾರೆ, ಮತ್ತೆ ಅಲ್ಲೇ. ಹರೆಯದಿಂದ ಮುಪ್ಪಿನವರೆಗೆ ಹೊಲಿಗೆ ಯಂತ್ರದ ಚಕ್ರ ತಿರುಗಿಸಿದ ಭುಜ ಅದು. ಅಮ್ಮನಿಂದಲೇ ಮಗಳಿಗೆ ಹೊಲಿಗೆ ಬಂದದ್ದು. ಅಜ್ಜಿ ಹಿಂದಕ್ಕೆ ವಾಲುತ್ತಾರೆ. ಅಕ್ಕ ಬೆನ್ನಿಗೆ ಎದೆ ಕೊಟ್ಟು ನಿಲ್ಲಿಸಿಕೊಳ್ಳುತ್ತಾರೆ.

"ಕೈ ಏಳಲ್ಲ ಅಂತ ಹೇಳಲಿಲ್ಲವಲ್ಲ ಅಜ್ಜಿ."

"ನೀನು ಕಾಲು ತಾನೇ ಕೇಳಿದ್ದು."

ಅಕ್ಕ ಅಜ್ಜಿಯನ್ನು ಮೆಲ್ಲಗೆ ಇಳಿಸಿ ಕೂರಿಸುತ್ತಾರೆ. ಅಕ್ಕನ ಮುಖ ಒಂದು ಕ್ಷಣ, ಒಂಬತ್ತನೆಯ ಕಿಟಕಿಯ ಕೆಳಗೆ ನಿಂತ ದಿನದ ಮುಖದಂತಾಗುತ್ತದೆ. ಆಮೇಲೆ ಗುಂಡಿಯ ಕಡೆಗಿದ್ದ ಹಗ್ಗವನ್ನು ಒಮ್ಮೆ ಜಗ್ಗುತ್ತಾರೆ. ಮೇಲಿಂದ ಗಂಡ ಬಗ್ಗಿ ನೋಡಿ, ಬಲಗಡೆಯ ಹಿಡಿಕೆಯ ಮೇಲಿದ್ದ ಹೆಂಡತಿಯ ಕೈಯನ್ನೂ ಎಡಗಡೆಗೆ ತೋರಿಸಿದ ಬೆರಳನ್ನೂ ಕಂಡು, ಡ್ರಿಲ್ಲನ್ನು ಇಳಿಸುತ್ತಾರೆ.

ಅಧಿಕಾರಿ ಗಡಿಯಾರ ನೋಡಿಕೊಳ್ಳುತ್ತಾರೆ. ಇನ್ನೂ ನಾಲ್ಕು ಮನೆ ಬಾಕಿಯಿದೆ. ಆದರೂ ಹೊಲಿಗೆಯವಳ ಸ್ಟೂಲೆಳೆದು ಕೂರುತ್ತಾರೆ. "ಮಾಡಿ ಅಕ್ಕ," ಎನ್ನುತ್ತಾರೆ. ಅಲ್ಲಿಯವರೆಗೆ ಅಮ್ಮ ಎನ್ನುತ್ತಿದ್ದವರು.

ಎಡಗಡೆ ನಾಲ್ಕು ರಂಧ್ರ, ನಾಲ್ಕು ಬೋಲ್ಟು, ಇಪ್ಪತ್ತೈದು ನಿಮಿಷ. ಅಕ್ಕ ಹಿಡಿಕೆಗೆ ತಮ್ಮ ಪೂರ್ತಿ ಭಾರ ಹಾಕಿ ಜೋತುಬಿದ್ದು ನೋಡುತ್ತಾರೆ. ಕದಲುವುದಿಲ್ಲ.

ಅಜ್ಜಿ ಮತ್ತೆ ಹತ್ತುತ್ತಾರೆ. ಮೂರು ಮೆಟ್ಟಿಲು. ಎಡಗೈ ಹಿಡಿಕೆಗೆ ಬಿಗಿಯಾಗಿ ಸುತ್ತಿಕೊಳ್ಳುತ್ತದೆ. ಒಂದು ಕಾಲು ಅಂಚಿನಾಚೆ ಹೋಗುತ್ತದೆ, ಸ್ವಲ್ಪ ಹೊತ್ತು ಅವರು ಒಳಗೂ ಇಲ್ಲ ಹೊರಗೂ ಇಲ್ಲ. ಇನ್ನೊಂದು ಕಾಲೂ ಹೋಗುತ್ತದೆ. ಗುಂಡಿಯ ಮೆಟ್ಟಿಲ ಮೇಲೆ ಬರಿಗಾಲ ಸಪ್ಪಳ ಒಂದೊಂದಾಗಿ ಮೇಲೇರುತ್ತದೆ. ಯಾರೂ ಮುಟ್ಟಿಲ್ಲ, ಯಾರೂ ಎಳೆದಿಲ್ಲ.

ಅಕ್ಕ ಸಹಿ ಹಾಕುತ್ತಾರೆ. ಅಕ್ಷರಕ್ಕೊಂದು ನಿಲುಗಡೆ ಕೊಟ್ಟು, ನಿಧಾನವಾಗಿ. ಅದರ ಕೆಳಗೆ ಅಧಿಕಾರಿ. ಹೊಲಿಗೆಯವಳು ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಮೂರು ಸಲ ಓದಿ, "ಅಮ್ಮಾ, ಬನ್ನಿ ಒಳಗೆ. ಆಯ್ತು," ಎಂದು ಕಿಟಕಿಯಲ್ಲಿ ಕೂಗುತ್ತಾಳೆ.

"ಸ್ವಲ್ಪ ಹೊತ್ತು ಕೂತಿರ್ತೀನಿ," ಎಂಬ ಉತ್ತರ ಮೇಲಿಂದ ಬರುತ್ತದೆ. ಗುಂಡಿಯ ಅಂಚಿನಲ್ಲಿ, ಮಾಲೀಕರ ಹೂಕುಂಡಗಳ ನಡುವೆ ಅಜ್ಜಿ ಕಾಲು ಇಳಿಬಿಟ್ಟು ಕೂತಿದ್ದಾರೆ. ಕುಂಡ ಜರುಗಿಸಲು ಬಂದ ಮಾಲೀಕರು ಒಳಗೆ ಹೋಗಿ ಒಂದು ಮಣೆ ತಂದುಕೊಡುತ್ತಾರೆ.

ಕೆಳಗೆ ಅಕ್ಕ ಸಾಮಾನು ಕಟ್ಟುತ್ತಿದ್ದಾರೆ. ಮರದ ಪಟ್ಟಿ ತೆಗೆದು ಅಜ್ಜಿಯ ಗೀರಿನ ಪಕ್ಕ ಮೊಳೆಯಿಂದ 'ಎಡ' ಎಂದು ಕೊರೆಯುತ್ತಾರೆ. ನಾಲ್ಕು ಪಟ್ಟಿಗಳಲ್ಲಿ ಮೊದಲ ಸಲ ಅಕ್ಷರ ಬಿದ್ದಿದೆ.

ಇಷ್ಟು ವರ್ಷ ಮಾಡಿದ್ದಕ್ಕೆ ಏನು ಸಿಗಬೇಕು ಅನ್ನಿಸುತ್ತದೆ ಎಂದರೆ ಅವರಿಗೆ ನಗು. "ನಾನು ಮಾಡಿದ್ದು ಯಾರಿಗೂ ಕೆಲಸಕ್ಕೆ ಬರೋದು ಬೇಡ. ಹೀಗೆ ಕೇಳ್ಕೊಳ್ಳೋ ಮೇಸ್ತ್ರಿ ಬೇರೆ ಎಲ್ಲೂ ಇರಲಿಕ್ಕಿಲ್ಲ ನೋಡಿ. ಗಾಳಿ ಬರಲಿ, ಬಿಸಿಲು ಬರಲಿ. ಅಷ್ಟು ಸಾಕು ನನ್ನ ಕಿಟಕಿಗೆ."

ಸೋಮವಾರ ಬೆಳಿಗ್ಗೆ ಐದೂವರೆಗೆ ಅವರು ಇನ್ನೊಂದು ಬೀದಿಯ ಇನ್ನೊಂದು ನೆಲಮಾಳಿಗೆಯಲ್ಲಿದ್ದಾರೆ. ಇಲ್ಲಿ ಇರುವವನು ಒಬ್ಬನೇ, ಇಪ್ಪತ್ತಾರರ ಗಟ್ಟಿಮುಟ್ಟಾದ ಲಾರಿ ಚಾಲಕ. ಕಾಲಡಿಗೆ ಇಟ್ಟಿಗೆ ಪೇರಿಸುತ್ತಿದ್ದರೆ ಅವನಿಗೆ ತಮಾಷೆ. ಆರನೆಯ ಇಟ್ಟಿಗೆಯನ್ನೂ ಸಲೀಸಾಗಿ ಹತ್ತಿ ನಿಲ್ಲುತ್ತಾನೆ.

"ಯಾವ ಕೈಯಲ್ಲಿ ಬಲ ಜಾಸ್ತಿ?" ಎಂದು ಅಕ್ಕ ಕೇಳುತ್ತಾರೆ.

"ಎರಡರಲ್ಲೂ ಇದೆ. ನನಗೇನಕ್ಕ ಆಗಿದೆ?"

"ಇನ್ನೂ ಏನೂ ಆಗಿಲ್ಲಪ್ಪ, ಅದಕ್ಕೇ ಕೇಳ್ತಿರೋದು," ಎನ್ನುತ್ತಾ ಅಕ್ಕ ಮೊಳೆ ಹಿಡಿದು ಕಾಯುತ್ತಾರೆ. "ಯಾವ ಕೈ ಹೇಳು."